ಹಳೇ ರಸ್ತೆಯಲ್ಲಿ ಮಕ್ಕಳೊಂದಿಗೆ

ಬಿಡದಿಯಲ್ಲಿ ಬಿಸಿಲಿನ್ನೂ ಏರಿರಲಿಲ್ಲ. ಹೋಟೆಲಿನವರು ಇಡ್ಲಿ ಪಾತ್ರೆಯ ಮುಚ್ಚಳ ತೆಗೆದರು. ಎದ್ದ ಹಬೆ ಗೋಡೆಯ ಮೇಲಿನ ದೇವರ ಪಟಗಳನ್ನು ಒಂದು ಗಳಿಗೆ ಮರೆಮಾಡಿ ನಿಧಾನವಾಗಿ ಚದುರಿತು. ಒಳಗೆ ಒಂದರ ಮೇಲೊಂದು ಜೋಡಿಸಿದ ಅಗಲ ತಟ್ಟೆಗಳು, ತಟ್ಟೆಗೊಂದೇ ಇಡ್ಲಿ. ಆರು ವರ್ಷದ ಮಗ ಅಂಗೈ ಬಿಡಿಸಿ ಇಡ್ಲಿಯ ಮೇಲೆ ಹಿಡಿದು ಅಳೆದ. ಇಡ್ಲಿಯೇ ದೊಡ್ಡದು. ಅದರ ನಡುವೆ ಇಟ್ಟ ಬೆಣ್ಣೆಯ ಉಂಡೆ ಕರಗಿ ಅಂಚಿನತ್ತ ಹರಿಯುವವರೆಗೂ ಅವನು ಕೈ ಹಾಕಲಿಲ್ಲ. ಹತ್ತು ವರ್ಷದ ಮಗಳು ಕೆಂಪು ಚಟ್ನಿ ಮುಟ್ಟಿ, ಕಣ್ಣಲ್ಲಿ ನೀರು ತಂದುಕೊಂಡು, ಮತ್ತೆ ಅದನ್ನೇ ಕೇಳಿದಳು.

ಬೆಂಗಳೂರಿನಿಂದ ಮೈಸೂರಿಗೆ ನಾವು ಹಳೇ ರಸ್ತೆ ಹಿಡಿದಿದ್ದೆವು. ಹೊಸ ದಶಪಥ ಉದ್ಘಾಟನೆಯಾಗಿದ್ದು 2023ರ ಮಾರ್ಚ್ 12ರಂದು. 118 ಕಿಲೋಮೀಟರಿನ ಆ ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲವನ್ನೂ ಪಕ್ಕಕ್ಕೆ ಬಿಟ್ಟು ಸಾಗುತ್ತದೆ. ತುರ್ತು ಕೆಲಸಕ್ಕೆ ಹೋಗುವವರಿಗೆ ಅದು ದೊಡ್ಡ ಅನುಕೂಲ. ಆದರೆ ಹಿಂದಿನ ಸಲ ಆ ದಾರಿಯಲ್ಲಿ ಹೋಗಿ ಇಳಿದಾಗ ಮಗಳು ಕೇಳಿದ್ದಳು: "ದಾರೀಲಿ ಊರೇ ಇಲ್ವಾ ಅಮ್ಮ?" ನಾನು ಚಿಕ್ಕವಳಾಗಿದ್ದಾಗ ಕೆಂಪು ಬಸ್ಸಿನ ಕಿಟಕಿಯಿಂದ ಒಂದೊಂದು ಊರಿನ ಹೆಸರನ್ನೂ ಕೂಡಿಸಿ ಓದುತ್ತಾ ಕನ್ನಡ ಕಲಿತಿದ್ದು ಈ ಹಳೇ ರಸ್ತೆಯಲ್ಲಿ. ಆ ಪ್ರಶ್ನೆಗೆ ಉತ್ತರ ಕೊಡಲೆಂದೇ ಈ ಸಲ ಫೆಬ್ರವರಿಯ ಒಂದು ಶನಿವಾರ, ಭಾನುವಾರ ಎರಡನ್ನೂ ತೆಗೆದಿಟ್ಟೆ. ನನ್ನ ಅಮ್ಮನೂ ಹೊರಟರು.

ರಾಮನಗರ ಹತ್ತಿರವಾದಂತೆ ಬಂಡೆಬೆಟ್ಟಗಳು ಒಂದೊಂದಾಗಿ ತಲೆ ಎತ್ತಿದವು. ರಾಮದೇವರ ಬೆಟ್ಟ 1975ರ 'ಶೋಲೆ' ಸಿನಿಮಾದಿಂದ ದೇಶಕ್ಕೆಲ್ಲ ಗೊತ್ತು. ಮಕ್ಕಳಿಗೆ ನಾನು ತೋರಿಸಿದ್ದು ಬಂಡೆಯ ಸೀಳುಗಳಲ್ಲಿ ಸುಣ್ಣ ಸುರಿದಂತಿದ್ದ ಬಿಳಿ ಪಟ್ಟೆಗಳನ್ನು. ಅಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತವೆ. 2012ರಲ್ಲಿ ಸರ್ಕಾರ ಆ ಬೆಟ್ಟವನ್ನು ರಣಹದ್ದು ಧಾಮವೆಂದು ಘೋಷಿಸಿತು. ದನಗಳಿಗೆ ನೋವಿಗೆಂದು ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧ, ಸತ್ತ ದನವನ್ನು ತಿಂದ ರಣಹದ್ದಿನ ಮೂತ್ರಪಿಂಡವನ್ನೇ ಕೆಡಿಸಿತು. 2006ರಲ್ಲಿ ಪಶುಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸುವಷ್ಟರಲ್ಲಿ ದೇಶದ ಬಹುಪಾಲು ರಣಹದ್ದುಗಳು ಹೋಗಿಬಿಟ್ಟಿದ್ದವು. ಕಾರು ನಿಲ್ಲಿಸಿ ಹತ್ತು ನಿಮಿಷ ಆಕಾಶ ನೋಡಿದೆವು. ಗರುಡ ಒಂದು ಸುತ್ತಿತು. ರಣಹದ್ದು ಕಾಣಲಿಲ್ಲ.

ಊರು ದಾಟಿದರೆ ಜಾನಪದ ಲೋಕ. ಎಚ್.ಎಲ್. ನಾಗೇಗೌಡರು ಸರ್ಕಾರಿ ಅಧಿಕಾರಿಯಾಗಿ ಹಳ್ಳಿ ಹಳ್ಳಿ ಸುತ್ತಿ, ಹಾಡು ಕಥೆಗಳನ್ನು ಧ್ವನಿಮುದ್ರಿಸಿಕೊಂಡವರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿ, ಹದಿನೈದು ಎಕರೆಯಲ್ಲಿ ಈ ಲೋಕವನ್ನು ನಿಲ್ಲಿಸಿದವರು. 1994ರಲ್ಲಿ ಇದು ಜನರಿಗೆ ತೆರೆಯಿತು. ತೊಗಲುಗೊಂಬೆಗಳ ಮುಂದೆ ಮಗ ನಿಂತ. ಅಮ್ಮ ನಿಂತಿದ್ದು ಅಳತೆಯ ಪಾತ್ರೆಗಳ ಮುಂದೆ. ನಾಲ್ಕು ಚಟಾಕು ಒಂದು ಪಾವು, ನಾಲ್ಕು ಪಾವು ಒಂದು ಸೇರು ಎಂದು ಅವರು ಹೇಳುತ್ತಿದ್ದರೆ ಮಗಳು ಬೆರಳಲ್ಲಿ ಎಣಿಸಿ, "ಹಾಗಾದ್ರೆ ಸೇರಿಗೆ ಹದಿನಾರು ಚಟಾಕು" ಎಂದಳು. ಅಮ್ಮನಿಗೆ ಎಷ್ಟು ಸಂತೋಷವಾಯಿತೆಂದರೆ, ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ತನಗೆ ದಿನಕ್ಕೆ ಇಷ್ಟೇ ಅಕ್ಕಿ ಎಂದು ಪಾವಿನಲ್ಲಿ ಅಳೆದು ಕೊಡುತ್ತಿದ್ದ ಸಂಗತಿಯನ್ನು ಅಲ್ಲೇ ನಿಂತು ಹೇಳಿದರು. ಅದನ್ನು ನಾನೂ ಅದುವರೆಗೆ ಕೇಳಿರಲಿಲ್ಲ.

ಚನ್ನಪಟ್ಟಣದಲ್ಲಿ ರಸ್ತೆಯ ಎರಡೂ ಬದಿಗೆ ಗೊಂಬೆ ಅಂಗಡಿಗಳ ಸಾಲು. ಮಕ್ಕಳು ಮೊದಲ ಅಂಗಡಿಗೇ ಓಡಿದರು. ನಾನು ಕೈಹಿಡಿದು ಹಿಂದಕ್ಕೆ ಕರೆದುಕೊಂಡೆ. ಮೊದಲು ಗೊಂಬೆ ಹುಟ್ಟುವುದನ್ನು ನೋಡಬೇಕು, ಆಮೇಲೆ ಕೊಳ್ಳಬೇಕು.

ಒಳಗಿನ ಬೀದಿಯೊಂದರಲ್ಲಿ ತಗ್ಗು ಮಾಡಿನ ಕೋಣೆ. ನೆಲದ ತುಂಬ ಮರದ ಹೊಟ್ಟು. ಕಾಲಿಟ್ಟರೆ ಹತ್ತಿಯಂತೆ ಮೆತ್ತಗೆ. ನಡುವಯಸ್ಸಿನ ಹೆಂಗಸೊಬ್ಬರು ತಿರುಗಣಿ ಯಂತ್ರದ ಮುಂದೆ ಕೂತಿದ್ದರು. ಪಕ್ಕದಲ್ಲಿ ಆಲೆ ಮರದ ತುಂಡುಗಳ ರಾಶಿ, ಹಾಲಿನ ಕೆನೆಯ ಬಣ್ಣದವು. ಈ ಮರ ಹಗುರ, ಇದರ ಎಳೆ ನಯ. ತಿಂಗಳುಗಟ್ಟಲೆ ಒಣಗಿಸಿದರೆ ಸೀಳು ಬಿಡುವುದಿಲ್ಲ. ಒಂದು ತುಂಡನ್ನು ಯಂತ್ರಕ್ಕೆ ಸಿಕ್ಕಿಸಿ ಅವರು ಗುಂಡಿ ಒತ್ತಿದರು. ತುಂಡು ಗಿರ್ರನೆ ತಿರುಗತೊಡಗಿ ಅದರ ಮೂಲೆಗಳು ಕಣ್ಣಿಗೆ ಮಾಯವಾದವು. ಉಳಿಯ ತುದಿ ತಾಗಿಸಿದ್ದೇ ತಡ, ಮರದ ಸುರುಳಿ ರಿಬ್ಬನ್ನಿನಂತೆ ಹಾರಿ ಮಗನ ಅಂಗಿಯ ಮೇಲೆ ಬಿತ್ತು. ಒಂದು ಹೊಟ್ಟೆ ಮೂಡಿತು, ಕೆಳಗೆ ಚೂಪು, ಮೇಲೆ ಕತ್ತು. "ಬುಗುರಿ!" ಎಂದು ಅವನು ಕೂಗುವಷ್ಟರಲ್ಲಿ ಅವರು ಮರಳುಕಾಗದದಿಂದ ಅದರ ಮೈ ಸವರಿ ನುಣುಪು ಮಾಡಿದ್ದರು.

ನಾನು ಕಾದಿದ್ದುದು ಮುಂದಿನದಕ್ಕೆ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅವರು ತಿರುಗುವ ಮರಕ್ಕೆ ಒತ್ತಿ ಹಿಡಿದರು. ಕುಂಚವಿಲ್ಲ, ಡಬ್ಬಿಯಿಲ್ಲ. ಉಜ್ಜುವ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮಂಕಾದ ಹಳದಿಯ ಗೆರೆಯೊಂದು ಕಾಣಿಸಿ, ಅಗಲವಾಗಿ, ಹೊಟ್ಟೆಯನ್ನೆಲ್ಲ ತುಂಬಿತು. ಅದರ ಕೆಳಗೆ ಕೆಂಪು, ಕೆಂಪಿನ ಕೆಳಗೆ ನೀಲಿ. ಕೊನೆಗೆ ಒಣಗಿದ ತಾಳೆಗರಿಯ ಪಟ್ಟಿಯೊಂದನ್ನು ಮಡಿಸಿ ಮೇಲೆ ಒತ್ತಿದರು. ಅಷ್ಟೇ. ಮಂಕು ಬಣ್ಣ ಒಮ್ಮೆಲೇ ಕನ್ನಡಿಯಂತೆ ಹೊಳೆಯಿತು, ಕಿಟಕಿಯ ಬೆಳಕು ಅದರಲ್ಲಿ ಪುಟ್ಟ ಚೌಕವಾಗಿ ಕೂತಿತು. ಯಂತ್ರ ನಿಂತಾಗ ಬುಗುರಿ ಇನ್ನೂ ಬೆಚ್ಚಗಿತ್ತು. ಅವರು ಅದನ್ನು ಮಗನ ಅಂಗೈಗೆ ಹಾಕಿದರು. ಅವನು ಕೆನ್ನೆಗೆ ಒತ್ತಿಕೊಂಡ.

"ಅರಿಶಿನದ ಹಳದಿ ಇದು. ಮಗು ಬಾಯಿಗೆ ಹಾಕಿದ್ರೂ ಏನೂ ಆಗಲ್ಲ" ಎಂದರು. ಅವರ ಬಲ ಹೆಬ್ಬೆರಳಿನ ಪಕ್ಕ ಉಳಿ ಹಿಡಿದೂ ಹಿಡಿದೂ ಗಟ್ಟಿಯಾದ ಚರ್ಮವನ್ನು ಮಗಳು ಮೆಲ್ಲಗೆ ಮುಟ್ಟಿ ನೋಡಿದಳು.

ಈ ಕಸುಬಿನ ಬೇರು ಟಿಪ್ಪುವಿನ ಕಾಲಕ್ಕೆ ಹೋಗುತ್ತದೆಂದು ಊರಿನವರು ಹೇಳುತ್ತಾರೆ. ಕಳೆದ ಶತಮಾನದ ಆರಂಭದಲ್ಲಿ ಜಪಾನಿನ ಅರಗಿನ ಕೆಲಸದಿಂದ ಕಲಿತು ಇದಕ್ಕೆ ಹೊಸ ರೂಪ ಕೊಟ್ಟವರೆಂದು ಬಾವಾಸ್ ಮಿಯಾ ಅವರನ್ನು ನೆನೆಯುತ್ತಾರೆ. ಚನ್ನಪಟ್ಟಣದ ಗೊಂಬೆಗಳಿಗೆ ಭೌಗೋಳಿಕ ಸೂಚಕದ ರಕ್ಷಣೆಯೂ ಇದೆ. ಆದರೂ ಮಕ್ಕಳ ಹುಟ್ಟುಹಬ್ಬಗಳಿಗೆ ನಾವು ಕೊಡುವುದು ಪ್ಲಾಸ್ಟಿಕ್ಕನ್ನೇ. ಆ ಬುಗುರಿಯ ಬೆಲೆ ನಾವು ದಾರಿಯಲ್ಲಿ ಕೊಂಡ ಚಿಪ್ಸಿನ ಪೊಟ್ಟಣಗಳಿಗಿಂತ ಕಡಿಮೆಯಿತ್ತು ಎಂಬುದು ನನ್ನನ್ನು ಇಂದಿಗೂ ಚುಚ್ಚುತ್ತದೆ.

ಮದ್ದೂರಿಗೆ ಮೊದಲು ರುದ್ರಾಕ್ಷಿಪುರದಲ್ಲಿ ಎಡಕ್ಕೆ ತಿರುಗಿದರೆ ಸುಮಾರು ಹನ್ನೆರಡು ಕಿಲೋಮೀಟರು, ಕೊಕ್ಕರೆ ಬೆಳ್ಳೂರು. ಕಬ್ಬಿನ ಗದ್ದೆ, ರಾಗಿ ಹುಲ್ಲಿನ ಮೆದೆ, ತೆಂಗಿನ ಸಾಲು. ಊರು ಬಂತೆಂದು ಗೊತ್ತಾಗಿದ್ದು ಮೊದಲು ಮೂಗಿಗೆ, ಹಸಿ ಮೀನಿನ ವಾಸನೆ. ಆಮೇಲೆ ಕಿವಿಗೆ. ಕಣ್ಣಿಗೆ ಕಡೆಯಲ್ಲಿ. ಏಕೆಂದರೆ ಹಕ್ಕಿಗಳಿರುವುದು ಕೆರೆಯ ನಡುವೆಯಲ್ಲ, ಬೇಲಿಯ ಆಚೆಯಲ್ಲ. ಹಂಚಿನ ಮನೆಗಳ ಮಧ್ಯೆ ಎದ್ದ ಹುಣಸೆ ಮರಗಳ ಮೇಲೆ. ಕೆಳಗೆ ಎಮ್ಮೆ ಕಟ್ಟಿದೆ, ಹಗ್ಗದ ಮೇಲೆ ಸೀರೆ ಒಣಗುತ್ತಿದೆ, ಹುಡುಗನೊಬ್ಬ ಸೈಕಲ್ಲಿಗೆ ಗಾಳಿ ಹಾಕುತ್ತಿದ್ದಾನೆ. ತಲೆ ಎತ್ತಿದರೆ ಒಂದೊಂದು ಕೊಂಬೆಗೂ ನಾಲ್ಕೈದು ಗೂಡು.

ಹೆಜ್ಜಾರ್ಲೆ ಎಂಬ ಹೆಸರನ್ನು ಮಕ್ಕಳು ಅಲ್ಲಿಯೇ ಮೊದಲು ಕೇಳಿದ್ದು. ಬೂದುಬಿಳಿ ಮೈ, ಮೇಲ್ಕೊಕ್ಕಿನ ಉದ್ದಕ್ಕೂ ಚುಕ್ಕೆ, ಕೆಳಗೆ ಜೋಲುವ ಚೀಲ. ಪಕ್ಕದ ಮರದಲ್ಲಿ ಬಣ್ಣದ ಕೊಕ್ಕರೆಗಳು. ಹಳದಿ ಕೊಕ್ಕು, ಬೆನ್ನಿನ ಕೊನೆಗೆ ರೆಕ್ಕೆ ಮುಗಿಯುವಲ್ಲಿ ಗುಲಾಬಿ ಅದ್ದಿದಂತೆ. ದೊಡ್ಡ ಕೊಕ್ಕರೆಗೆ ಕೂಗೇ ಇಲ್ಲವೆನ್ನಬಹುದು. ಜೋಡಿ ಎದುರಾದಾಗ ಕೊಕ್ಕು ತಟ್ಟಿ ಕಟಕಟ ಸದ್ದು ಮಾಡುತ್ತದೆ. ಗಲಾಟೆಯೆಲ್ಲ ಮರಿಗಳದ್ದು.

ಹೆಜ್ಜಾರ್ಲೆಯೊಂದು ಗಾಳಿಯಲ್ಲಿ ತೇಲಿ ಬಂದು, ಅಷ್ಟು ಭಾರದ ಮೈಯನ್ನು ಅಷ್ಟು ಸಣ್ಣ ರೆಂಬೆಯ ಮೇಲೆ ಇಳಿಸಿತು. ಗೂಡಿನಿಂದ ಎರಡು ಮರಿಗಳು ಎದ್ದವು. ತಾಯಿ ಬಾಯಿ ಕಳೆಯಿತು. ಒಂದು ಮರಿ ಕೊಕ್ಕು ಹಾಕಿತು, ತಲೆ ಹಾಕಿತು, ಕತ್ತಿನವರೆಗೂ ಒಳಗೆ ಹೋಯಿತು. "ಅಮ್ಮನ್ನೇ ತಿಂತಿದೆ!" ಎಂದು ಮಗ ನನ್ನ ಸೆರಗು ಹಿಡಿದ. ಚೀಲ ಅತ್ತಿತ್ತ ತೊನೆಯಿತು, ಹೊರಗಿನಿಂದಲೇ ಮರಿಯ ತಲೆಯ ಆಕಾರ ಕಾಣುತ್ತಿತ್ತು. ಕೊನೆಗೆ ಒದ್ದೆ ತಲೆ ಹೊರಬಂತು. ಎರಡನೆಯ ಮರಿ ಕಾಯದೆ ನುಗ್ಗಿತು. ಒಂದು ಮೀನು ತಪ್ಪಿ ನೆಲಕ್ಕೆ ಬಿತ್ತು, ನನ್ನ ಮಗಳ ಕಾಲಿನಿಂದ ಎರಡಡಿ ದೂರದಲ್ಲಿ. ಅವಳು ಬಗ್ಗಿ ಅದರ ಹುರುಪೆಯನ್ನೂ ಕಣ್ಣನ್ನೂ ನೋಡುತ್ತಾ ಕೂತಳು.

ಜಗಲಿಯಲ್ಲಿ ರಾಗಿ ಕೇರುತ್ತಿದ್ದ ಅಜ್ಜಿ ಮೊರ ಕೆಳಗಿಟ್ಟರು. "ಇವು ನಮ್ ಹೆಣ್ಮಕ್ಕಳಿದ್ದಂಗೆ ಕಣವ್ವ. ಬಾಣಂತನಕ್ಕೆ ತವರಿಗೆ ಬತ್ತವೆ. ಮಕ್ಳ ರೆಕ್ಕೆ ಬಲಿತ ಮ್ಯಾಕೆ ಹೊಂಟೋಯ್ತವೆ." ಇದು ಆ ಅಜ್ಜಿ ಒಬ್ಬರ ಮಾತಲ್ಲ, ಆ ಊರಿನ ಮಾತು. ಹಕ್ಕಿಗಳು ಬಂದರೆ ಮಳೆ ಬೆಳೆ ಚೆನ್ನ ಎಂಬುದು ಅಲ್ಲಿಯ ನಂಬಿಕೆ. ಮರದಡಿ ಬೀಳುವ ಹಿಕ್ಕೆ ಹೊಲಕ್ಕೆ ಒಳ್ಳೆಯ ಗೊಬ್ಬರ. ಗೂಡಿರುವ ಮರದ ಹುಣಸೆಹಣ್ಣನ್ನು ಬಡಿಯುವುದಿಲ್ಲ. ಗಾಳಿಗೆ ಬಿದ್ದ ಮರಿಗಳನ್ನು ಎತ್ತಿ, ಮೀನು ಹಾಕಿ ಸಾಕಿ, ಹಾರುವಂತಾದ ಮೇಲೆ ಬಿಡಲು ಊರಿನಲ್ಲಿ 'ಹೆಜ್ಜಾರ್ಲೆ ಬಳಗ' ಹುಟ್ಟಿಕೊಂಡಿತು. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಕಾವಲು ಮಾತ್ರ ಮೊದಲಿನಿಂದಲೂ ಈ ಜಗಲಿಗಳದ್ದೇ.

ಟಿಕೆಟ್ಟಿಲ್ಲ, ಆಟದ ಗಾಡಿಯಿಲ್ಲ, ತಿಂಡಿಯ ಮಳಿಗೆಗಳ ಸಾಲಿಲ್ಲ. ಅಲ್ಲಿ ನಾವು ಎರಡು ಗಂಟೆ ಇದ್ದೆವು. ಫೋನು ಕೊಡು ಎಂದು ಯಾರೂ ಕೇಳಲಿಲ್ಲ.

ಮದ್ದೂರಿನಲ್ಲಿ ವಡೆ. ಹಿಂದೆ ಹಬೆಯ ರೈಲು ಇಲ್ಲಿ ನಿಲ್ಲುತ್ತಿದ್ದಾಗ ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯ ಎಂಬವರು, ರೈಲು ಬೇಗ ಬಂದ ದಿನ ಹಿಟ್ಟನ್ನು ಅವಸರದಲ್ಲಿ ಅಂಗೈಯಲ್ಲಿ ತಟ್ಟಿ ಎಣ್ಣೆಗೆ ಬಿಟ್ಟರಂತೆ. ಅದೇ ಮದ್ದೂರು ವಡೆಯಾಯಿತು ಎಂಬ ಕಥೆಯಿದೆ. ಮುರಿದರೆ ಟಪ್ಪೆನ್ನುವ ಅಂಚು, ಒಳಗೆ ಬೆಂದ ಈರುಳ್ಳಿಯ ಸಿಹಿ. ಮಂಡ್ಯ ದಾಟಿ ಶ್ರೀರಂಗಪಟ್ಟಣ ತಲುಪುವಾಗ ಸೂರ್ಯ ಕಬ್ಬಿನ ಗರಿಗಳ ಹಿಂದೆ ಇಳಿದಿದ್ದ. ರಾತ್ರಿ ಅಲ್ಲಿಯೇ ಉಳಿದೆವು.

ಬೆಳಗ್ಗೆ ರಂಗನತಿಟ್ಟು. ಪಕ್ಷಿತಜ್ಞ ಸಲೀಂ ಅಲಿ ಅವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ ಕಾವೇರಿಯ ನಡುಗಡ್ಡೆಗಳಿವು. ದೋಣಿ ಬಂಡೆಯೊಂದರ ಹತ್ತಿರ ಸುಳಿದಾಗ, ಬಂಡೆಯ ಒಂದು ಭಾಗವೇ ಬಾಯಿ ತೆರೆಯಿತು. ಮೊಸಳೆ. ಮೈಯ ಬಿಸಿ ಇಳಿಸಿಕೊಳ್ಳಲು ಅದು ಹಾಗೆ ಬಾಯಿ ತೆರೆದು ಮಲಗುತ್ತದೆ ಎಂದು ದೋಣಿಯವರು ಹೇಳಿದ ಮೇಲೂ ಮಗ ಸೀಟಿನ ಕೆಳಗಿದ್ದ ಕಾಲನ್ನು ಮೇಲೆತ್ತಿಕೊಂಡೇ ಇದ್ದ.

1784ರಲ್ಲಿ ಟಿಪ್ಪು ಕಟ್ಟಿಸಿದ ಅರಮನೆ ದರಿಯಾ ದೌಲತ್‌ನ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧದ ಚಿತ್ರವಿದೆ. ಮಕ್ಕಳಿಗೆ ಇತಿಹಾಸದ ಪಾಠ ಹೇಳುವ ಬದಲು ಹುಡುಕಲು ಬಿಟ್ಟೆ: ಪಲ್ಲಕ್ಕಿಯಲ್ಲಿ ಕೂತ ಬ್ರಿಟಿಷ್ ಅಧಿಕಾರಿ ಕರ್ನಲ್ ಬೇಲಿ ಎಲ್ಲಿ, ಸಿಡಿಯುತ್ತಿರುವ ಮದ್ದಿನ ಬಂಡಿ ಎಲ್ಲಿ, ದುರ್ಬೀನು ಹಿಡಿದವನು ಎಲ್ಲಿ. ಮಗಳು ಮೂರನ್ನೂ ಕಂಡುಹಿಡಿದಳು. ಆದರೆ ಇಬ್ಬರನ್ನೂ ಹೆಚ್ಚು ಹಿಡಿದಿಟ್ಟಿದ್ದು ಟಿಪ್ಪುವಿನ ಕಾಲದ ಮದ್ದಿನ ಮನೆ. ಜೋಡಿ ರೈಲುಹಳಿಗೆ ಅಡ್ಡವಿದ್ದ ಆ ಇಟ್ಟಿಗೆಯ ಕಟ್ಟಡವನ್ನು 2017ರಲ್ಲಿ ಒಡೆಯದೆ, ಇಡಿಯಾಗಿ ಎತ್ತಿ, ಸುಮಾರು 130 ಮೀಟರ್ ದೂರಕ್ಕೆ ಸರಿಸಿದರು. "ಮನೇನ ನಡೆಸಿಕೊಂಡು ಹೋದ್ರಾ?" ಎಂದು ಮಗ ಕಟ್ಟಡದ ಬುಡವನ್ನು ಸುತ್ತಿ ನೋಡಿದ.

ಮೈಸೂರಿನ ಮೃಗಾಲಯಕ್ಕೆ ಹೋಗಲಿಲ್ಲ. 1892ರಿಂದ ಇರುವ ಆ ಜಾಗಕ್ಕೆ ಇಡೀ ಒಂದು ದಿನ ಕೊಡಬೇಕು. ದಣಿದ ಕಾಲುಗಳನ್ನು ಎಳೆದುಕೊಂಡು ಹೋಗುವುದು ಪ್ರಾಣಿಗಳಿಗೂ ಮಕ್ಕಳಿಗೂ ಮಾಡುವ ಅನ್ಯಾಯ. ಭಾನುವಾರ ಸಂಜೆ ಏಳಕ್ಕೆ ಅರಮನೆಯ ಎದುರು ನಿಂತೆವು. ಲಕ್ಷದ ಹತ್ತಿರ ದೀಪಗಳು ಒಮ್ಮೆಗೇ ಹತ್ತಿಕೊಂಡವು. ಜನ "ಓ" ಎಂದರು. ಮಗ ಆ ಬೆಳಕಿನಲ್ಲಿ ಕಲ್ಲುಹಾಸಿನ ಮೇಲೆ ಬುಗುರಿ ಬಿಡುತ್ತಿದ್ದ.

ಈ ದಾರಿಯಲ್ಲಿ ಹೊರಡುವವರಿಗೆ ಇಷ್ಟು ಹೇಳಬೇಕು. ಜಾನಪದ ಲೋಕಕ್ಕೆ ಮಂಗಳವಾರ ರಜೆ. ಕೊಕ್ಕರೆ ಬೆಳ್ಳೂರಿಗೆ ಜನವರಿಯಿಂದ ಏಪ್ರಿಲ್‌ವರೆಗೆ ಹೋದರೆ ಗೂಡಿನಲ್ಲಿ ಮರಿಗಳಿರುತ್ತವೆ. ಕಾರನ್ನು ಊರ ಹೊರಗೆ ನಿಲ್ಲಿಸಿ ನಡೆದು ಹೋಗಿ, ಮರದ ಕೆಳಗೆ ಮೆಲ್ಲಗೆ ಮಾತಾಡಿ. ದಯವಿಟ್ಟು ಅಲ್ಲಿ ಹಾರ್ನ್ ಒತ್ತಬೇಡಿ.