ಒಂದೇ ಹೆಸರು, ಹಲವು ಜನ: ಸಮೋವಾದಲ್ಲಿ ‘ಮತಾಫಾ’ ಅಂದ್ರೆ ಯಾರು?

2021ರ ಮೇ 24. ಪೆಸಿಫಿಕ್ ಸಾಗರದ ಪುಟ್ಟ ದೇಶ ಸಮೋವಾ. ರಾಜಧಾನಿ ಆಪಿಯಾದ ಅಂಚಿನಲ್ಲಿ, ಸಮುದ್ರಕ್ಕೆ ಚಾಚಿಕೊಂಡಿರುವ ಮುಲಿನೂ ಎಂಬ ಜಾಗದಲ್ಲಿ ಸಂಸತ್ ಭವನವಿದೆ. ಅವತ್ತು ಅದಕ್ಕೆ ಬೀಗ ಜಡಿಯಲಾಗಿತ್ತು. ಬಹುಮತ ಪಡೆದಿದ್ದ ಫಿಯಾಮೆ ನವೋಮಿ ಮತಾಫಾ ಒಳಗೆ ಹೋಗಲಾಗದೆ, ಹೊರಗೆ ಹಾಕಿದ್ದ ಟೆಂಟಿನಲ್ಲೇ ಪ್ರಮಾಣವಚನ ತಗೊಂಡರು. ಆ ದೇಶದ ಮೊದಲ ಮಹಿಳಾ ಪ್ರಧಾನಿ ಅಧಿಕಾರಕ್ಕೆ ಬಂದದ್ದು ಹೀಗೆ.

ಈ ಸುದ್ದಿ ಆಗ ಜಗತ್ತಿನಾದ್ಯಂತ ಓಡಾಡಿತು. ಆದರೆ ಅದರೊಳಗಿನ ಒಂದು ವಿಷಯವನ್ನು ಹೆಚ್ಚಿನವರು ಗಮನಿಸಲಿಲ್ಲ. ಆ ಮಹಿಳೆಯ ತಂದೆಯ ಪೂರ್ತಿ ಹೆಸರು ಫಿಯಾಮೆ ಮತಾಫಾ ಫೌಮುಯಿನಾ ಮುಲಿನೂ. ಅಂದ್ರೆ, ಮಗಳನ್ನು ಒಳಗೆ ಬಿಡದ ಜಾಗದ ಹೆಸರೂ ಮುಲಿನೂ, ತಂದೆಯ ಹೆಸರೂ ಮುಲಿನೂ. ಇನ್ನು ‘ಮತಾಫಾ’ ಅಂತ ಹುಡುಕಿದರೆ ರಾಜನಾಗಬೇಕಿದ್ದವನೊಬ್ಬ ಸಿಗುತ್ತಾನೆ, ದೇಶದ ಮೊದಲ ಪ್ರಧಾನಿ ಸಿಗುತ್ತಾರೆ, ಜೊತೆಗೆ ಅಮೆರಿಕದ ಒಂದು ಹಡಗು ಮತ್ತು ಒಂದು ಬಿರುಗಾಳಿಯೂ ಸಿಗುತ್ತವೆ.

ಇದನ್ನೆಲ್ಲ ಕಾಕತಾಳೀಯ ಅಂತ ಬಿಟ್ಟುಬಿಡಬಹುದು. ಆದರೆ ಸಮೋವಾದಲ್ಲಿ ಒಂದೇ ಹೆಸರನ್ನು ಹಲವರು ಹೊರುವುದಕ್ಕೆ ಗಟ್ಟಿ ಕಾರಣವಿದೆ. ಅದನ್ನು ಅರ್ಥಮಾಡಿಕೊಂಡರೆ ಆ ದೇಶದ ರಾಜಕೀಯದ ಅರ್ಧ ಭಾಗ ಅರ್ಥವಾದಂತೆ.

ಹೆಸರಲ್ಲ, ಹುದ್ದೆ

ಸಮೋವಾದಲ್ಲಿ ಹುಟ್ಟಿದಾಗ ಇಡುವ ಹೆಸರು ಒಂದು. ದೊಡ್ಡವರಾದ ಮೇಲೆ ಕುಟುಂಬ ಕೊಡುವ ಹೆಸರು ಇನ್ನೊಂದು. ಈ ಎರಡನೆಯದು ಪದವಿ. ಅದನ್ನು ಹೊತ್ತವರು ‘ಮತಾಯಿ’, ಅಂದ್ರೆ ವಿಸ್ತೃತ ಕುಟುಂಬದ ಮುಖ್ಯಸ್ಥರು. ಕುಟುಂಬ ಅಂದ್ರೆ ಅಪ್ಪ-ಅಮ್ಮ-ಮಕ್ಕಳಷ್ಟೇ ಅಲ್ಲ; ಒಂದೇ ಮೂಲದಿಂದ ಬಂದ ನೂರಾರು ಜನ. ಅವರನ್ನು ಒಟ್ಟಾಗಿ ‘ಆಯಿಂಗಾ’ ಅಂತಾರೆ. ಹಿಂದಿನ ಮತಾಯಿ ತೀರಿಕೊಂಡಾಗ ಆಯಿಂಗಾದವರು ಕೂತು, ಚರ್ಚೆ ಮಾಡಿ, ಜಗಳವಾಡಿ, ಮುಂದಿನವರನ್ನು ಆರಿಸುತ್ತಾರೆ. ಪದವಿ ಕೊಡುವ ಸಮಾರಂಭಕ್ಕೆ ‘ಸಾವೊಫಾಯಿ’ ಅನ್ನುತ್ತಾರೆ. ಅದಾದ ಮೇಲೆ ಆ ವ್ಯಕ್ತಿಯನ್ನು ಊರು ಗುರುತಿಸುವುದು ಹೊಸ ಹೆಸರಿನಿಂದ.

ಹೀಗಾಗಿ ಮಗನಿಗೆ ತಂದೆಯ ಪದವಿ ತಾನಾಗಿ ಬರುವುದಿಲ್ಲ. ಸೋದರಳಿಯನಿಗೆ ಹೋಗಬಹುದು, ಮಗಳಿಗೆ ಬರಬಹುದು, ದೂರದ ದಾಯಾದಿಗೂ ದಕ್ಕಬಹುದು. ಒಂದೇ ಪದವಿಯನ್ನು ಏಕಕಾಲಕ್ಕೆ ಹಲವರು ಹಂಚಿಕೊಳ್ಳುವುದೂ ಉಂಟು. ಒಬ್ಬರೇ ನಾಲ್ಕೈದು ಪದವಿ ಹೊರುವುದೂ ಉಂಟು.

ಮೊದಲ ಪ್ರಧಾನಿಯ ಹೆಸರನ್ನು ಈಗ ಬಿಡಿಸಿ ಓದಿ. ‘ಫಿಯಾಮೆ’ ಲೋತೊಫಾಂಗಾ ಊರಿಗೆ ಸೇರಿದ ಪದವಿ. ‘ಫೌಮುಯಿನಾ’ ಲೆಪೆಯಾ ಊರಿನದು. ‘ಮತಾಫಾ’ ಇಡೀ ದೇಶದ ನಾಲ್ಕು ಅತ್ಯುನ್ನತ ಪದವಿಗಳಲ್ಲಿ ಒಂದು; ಉಳಿದ ಮೂರು ಮಲಿಯೆತೊವಾ, ತುಪುವಾ ತಮಸೆಸೆ, ತುಯಿಮಲೆಯಾಲಿಯಿಫಾನೊ. ಒಂದು ಹೆಸರಿನೊಳಗೆ ಊರುಗಳ ನಕಾಶೆಯೇ ಇದೆ!

ಮಗಳ ವಿಷಯಕ್ಕೆ ಬಂದರೆ, ಅವರ ಪದವಿ ‘ಫಿಯಾಮೆ’. ‘ಮತಾಫಾ’ ತಂದೆಯಿಂದ ಮನೆತನದ ಹೆಸರಾಗಿ ಉಳಿದದ್ದು. ಹಾಗಾಗಿ ಸಮೋವಾದ ಜನ ಅವರನ್ನು ಫಿಯಾಮೆ ಅಂತಲೇ ಕರೆಯುತ್ತಾರೆ. ಹೊರದೇಶದ ಮಾಧ್ಯಮಗಳು ಕೊನೆಯ ಪದವನ್ನು ಸರ್‌ನೇಮ್ ಅಂದುಕೊಂಡು ‘ಪ್ರಧಾನಿ ಮತಾಫಾ’ ಅಂತ ಬರೆದಾಗ, ಆ ದೇಶದ ವ್ಯವಸ್ಥೆ ಕಣ್ತಪ್ಪಿ ಹೋಗುತ್ತದೆ.

ರಾಜನಾಗಬೇಕಿದ್ದ ಮತಾಫಾ

19ನೇ ಶತಮಾನದ ಕೊನೆಯಲ್ಲಿ ಜರ್ಮನಿ, ಬ್ರಿಟನ್, ಅಮೆರಿಕ ಮೂರೂ ಸಮೋವಾ ಮೇಲೆ ಕಣ್ಣು ಹಾಕಿದ್ದವು. ತೆಂಗಿನ ಕೊಬ್ಬರಿಯ ವ್ಯಾಪಾರ ಮತ್ತು ಬಂದರುಗಳು ಅವರಿಗೆ ಬೇಕಿದ್ದವು. ಸ್ಥಳೀಯರಲ್ಲಿ ಯಾರು ದೊಡ್ಡವರು ಎಂಬ ಪೈಪೋಟಿ ಮೊದಲೇ ಇತ್ತು. ಅದಕ್ಕೆ ಹೊರಗಿನವರು ಬಂದೂಕು ಸೇರಿಸಿದರು.

ಮತಾಫಾ ಯೊಸೆಫೊ ಎದ್ದು ನಿಂತದ್ದು ಆಗ. ಜರ್ಮನಿ ಬೆಂಬಲಿಸಿದ ತಮಸೆಸೆ ವಿರುದ್ಧ 1888ರಲ್ಲಿ ಅವರ ಪಡೆ ಯುದ್ಧಕ್ಕಿಳಿಯಿತು. 1889ರ ಮಾರ್ಚ್‌ನಲ್ಲಿ ಮೂರು ದೇಶಗಳ ಯುದ್ಧನೌಕೆಗಳು ಆಪಿಯಾ ಬಂದರಿನಲ್ಲಿ ಮುಖಾಮುಖಿ ನಿಂತಿದ್ದಾಗ ಚಂಡಮಾರುತ ಬಂತು. ಜರ್ಮನಿ ಮತ್ತು ಅಮೆರಿಕದ ಆರೂ ನೌಕೆಗಳು ಒಡೆದವು ಇಲ್ಲವೇ ದಡಕ್ಕೆ ಬಿದ್ದವು. ತಪ್ಪಿಸಿಕೊಂಡು ಸಮುದ್ರ ಸೇರಿದ್ದು ಬ್ರಿಟನ್ನಿನ ‘ಕಲಾಯಪಿ’ ಮಾತ್ರ. ಅಲ್ಲಿ ಯುದ್ಧ ತಪ್ಪಿತು, ಹಸ್ತಕ್ಷೇಪ ನಿಲ್ಲಲಿಲ್ಲ. ಮೂರೂ ದೇಶಗಳು ಬರ್ಲಿನ್‌ನಲ್ಲಿ ಸಭೆ ಸೇರಿ ಮಲಿಯೆತೊವಾ ಲೌಪೆಪಾ ಅವರನ್ನು ರಾಜ ಅಂತ ಒಪ್ಪಿದವು. 1893ರಲ್ಲಿ ಸೋತ ಮತಾಫಾರನ್ನು ಮಾರ್ಷಲ್ ದ್ವೀಪಗಳಿಗೆ ಗಡಿಪಾರು ಮಾಡಲಾಯಿತು. ಆಗ ಸಮೋವಾದಲ್ಲೇ ನೆಲೆಸಿದ್ದ ಲೇಖಕ ರಾಬರ್ಟ್ ಲೂಯಿ ಸ್ಟೀವನ್ಸನ್ ಮತಾಫಾ ಪರವಾಗಿ ಬಹಿರಂಗವಾಗಿ ಮಾತಾಡಿದ್ದರು.

1898ರಲ್ಲಿ ಲೌಪೆಪಾ ತೀರಿಕೊಂಡರು, ಮತಾಫಾ ವಾಪಸ್ ಬಂದರು. ಯಾರು ರಾಜ? ತೀರ್ಪು ಕೊಟ್ಟವರು ಅಮೆರಿಕದಿಂದ ಬಂದಿದ್ದ ಮುಖ್ಯ ನ್ಯಾಯಾಧೀಶರು. ಅವರು ಲೌಪೆಪಾರ ಮಗನ ಪರ ನಿಂತರು. ಮತ್ತೆ ಯುದ್ಧ. 1899ರಲ್ಲಿ ಬ್ರಿಟಿಷ್ ಮತ್ತು ಅಮೆರಿಕನ್ ನೌಕೆಗಳು ಆಪಿಯಾ ಮೇಲೆ ಫಿರಂಗಿ ಹಾರಿಸಿದವು. ಕೊನೆಗೆ ರಾಜಪಟ್ಟವನ್ನೇ ರದ್ದು ಮಾಡಿ, ಪಶ್ಚಿಮದ ದ್ವೀಪಗಳು ಜರ್ಮನಿಗೆ, ಪೂರ್ವದವು ಅಮೆರಿಕಕ್ಕೆ ಅಂತ ಹಂಚಿಕೊಂಡರು. ಸಮೋವಾದವರನ್ನು ಯಾರೂ ಕೇಳಲಿಲ್ಲ. ಆ ಹಂಚಿಕೆಯಿಂದಲೇ ಇವತ್ತಿಗೂ ನಕ್ಷೆಯಲ್ಲಿ ಎರಡು ಸಮೋವಾ ಇವೆ. 1997ರಲ್ಲಿ ಪಶ್ಚಿಮದ ದೇಶ ತನ್ನ ಹೆಸರಿನಿಂದ ‘ಪಶ್ಚಿಮ’ ತೆಗೆದುಹಾಕಿದಾಗ, ಅಮೆರಿಕನ್ ಸಮೋವಾದವರು ಆ ಹೆಸರು ನಮ್ಮದೂ ಹೌದು ಅಂತ ಆಕ್ಷೇಪಿಸಿದರು.

ಇನ್ನು ಹಡಗಿನ ಕತೆ. ಸಮೋವಾ ಸುದ್ದಿಯಲ್ಲಿದ್ದ ಅದೇ ಕಾಲದಲ್ಲಿ, ಅಮೆರಿಕದ ಮಹಾಸರೋವರಗಳಲ್ಲಿ ಅದಿರು ಸಾಗಿಸುವ ಒಂದು ಹಡಗಿಗೆ ‘ಮತಾಫಾ’ ಅಂತ ಹೆಸರಿಡಲಾಯಿತು. 1905ರ ನವೆಂಬರ್ 28ರಂದು ಡುಲುತ್ ಬಂದರಿನ ಬಾಯಲ್ಲೇ ಅದು ಬಿರುಗಾಳಿಗೆ ಸಿಕ್ಕಿ ಒಡೆಯಿತು. ದಡದಲ್ಲಿ ಸಾವಿರಾರು ಜನ ನೋಡುತ್ತಿದ್ದಂತೆ ಒಂಬತ್ತು ಮಂದಿ ಸತ್ತರು. ಆ ಬಿರುಗಾಳಿಗೆ ಅಲ್ಲಿ ಇವತ್ತಿಗೂ ‘ಮತಾಫಾ ಸ್ಟಾರ್ಮ್’ ಅಂತಲೇ ಹೆಸರು. ತಮ್ಮ ಫಿರಂಗಿಗಳು ಯಾರ ವಿರುದ್ಧ ಗುಡುಗಿದ್ದವೋ ಆ ಹೆಸರನ್ನೇ ಅಮೆರಿಕನ್ನರು ಹಡಗಿನ ಮೇಲೆ ಬರೆದುಕೊಂಡಿದ್ದರು. ಊರಲ್ಲಿ ಅಧಿಕಾರವಾಗಿದ್ದ ಹೆಸರು ಹೊರಗೆ ಹೋದಾಗ ಬರೀ ಅಲಂಕಾರ.

ಹೆಸರು ಕಿತ್ತುಕೊಳ್ಳುವ ಕಾನೂನು

ವಸಾಹತು ಆಡಳಿತಗಾರರು ಒಂದು ಸತ್ಯವನ್ನು ಬೇಗ ಕಂಡುಕೊಂಡರು: ಇಲ್ಲಿ ಹೆಸರು ಹಿಡಿದರೆ ಜನ ಸಿಗುತ್ತಾರೆ. ಜರ್ಮನ್ನರು 1903ರಲ್ಲಿ ಭೂಮಿ ಮತ್ತು ಪದವಿಗಳ ವ್ಯಾಜ್ಯ ತೀರ್ಮಾನಿಸುವ ಆಯೋಗ ಸ್ಥಾಪಿಸಿದರು. 1914ರಲ್ಲಿ ದ್ವೀಪಗಳನ್ನು ವಶಪಡಿಸಿಕೊಂಡ ನ್ಯೂಜಿಲೆಂಡ್ ಇನ್ನೂ ಮುಂದೆ ಹೋಯಿತು. 1922ರ ಒಂದು ಸುಗ್ರೀವಾಜ್ಞೆಯ ಪ್ರಕಾರ ಆಡಳಿತಾಧಿಕಾರಿ ಯಾರನ್ನು ಬೇಕಾದರೂ ಊರಿಂದ ಹೊರಹಾಕಬಹುದಿತ್ತು, ಅವರ ಮತಾಯಿ ಪದವಿಯನ್ನೂ ಕಿತ್ತುಕೊಳ್ಳಬಹುದಿತ್ತು.

ಇದರ ವಿರುದ್ಧ ‘ಮೌ’ ಎಂಬ ಅಹಿಂಸಾ ಚಳವಳಿ ಬೆಳೆಯಿತು. 1929ರ ಡಿಸೆಂಬರ್ 28ರಂದು ಆಪಿಯಾದ ಬೀದಿಯಲ್ಲಿ ಮೆರವಣಿಗೆ ಮೇಲೆ ಪೊಲೀಸರು ಗುಂಡು ಹಾರಿಸಿದರು. ಚಳವಳಿಯ ನಾಯಕ ತುಪುವಾ ತಮಸೆಸೆ ಲೆಯಾಲೊಫಿ ಗುಂಡೇಟಿನಿಂದ ಮರುದಿನ ತೀರಿಕೊಂಡರು. ನಾಯಕತ್ವ ಫೌಮುಯಿನಾ ಅವರ ಹೆಗಲಿಗೆ ಬಂತು. ಮುಂದೆ ಮತಾಫಾ ಪದವಿ ಪಡೆದ ಇವರೇ ಫಿಯಾಮೆಯ ಅಜ್ಜ. ಗಂಡಸರು ಕಾಡು ಸೇರಿದಾಗ ಮಹಿಳೆಯರು ‘ಮಹಿಳಾ ಮೌ’ ಕಟ್ಟಿ ಚಳವಳಿಯನ್ನು ಜೀವಂತವಾಗಿಟ್ಟರು. ನೆನಪಿಡಿ, ಪದವಿಯ ಹೆಸರು ಹೊತ್ತವರು ಬಹುತೇಕ ಗಂಡಸರು. ಚಳವಳಿಯನ್ನು ಹೊತ್ತವರಲ್ಲಿ ಹೆಂಗಸರೂ ಇದ್ದರು.

ಓಟಿಗಾಗಿ ಹುಟ್ಟಿದ ಹೆಸರುಗಳು

1962ರ ಜನವರಿ 1ರಂದು ದೇಶ ಸ್ವತಂತ್ರವಾಯಿತು. ಅದಕ್ಕೂ ಮುನ್ನ ವಿಶ್ವಸಂಸ್ಥೆ ನಡೆಸಿದ ಜನಮತಗಣನೆಯಲ್ಲಿ ಎಲ್ಲ ವಯಸ್ಕರೂ ಮತ ಹಾಕಿದ್ದರು. ಆದರೆ ಸಾರ್ವತ್ರಿಕ ಚುನಾವಣೆಯಲ್ಲಿ ಎರಡು ಸೀಟು ಬಿಟ್ಟು ಉಳಿದೆಲ್ಲ ಕಡೆ ಮತ ಹಾಕುವ ಹಕ್ಕು ಮತಾಯಿಗಳಿಗೆ ಮಾತ್ರ. ಸ್ವಾತಂತ್ರ್ಯ ಬೇಕಾ ಅಂತ ಎಲ್ಲರನ್ನೂ ಕೇಳಿದರು, ಸರ್ಕಾರ ಯಾರದ್ದು ಅಂತ ಕೇಳಲಿಲ್ಲ.

ಆಗ ಏನಾಗಬೇಕಿತ್ತೋ ಅದೇ ಆಯಿತು. ಓಟು ಬೇಕಾ? ಮತಾಯಿಗಳನ್ನು ಹೆಚ್ಚಿಸಿ. ಹಳೆಯ ಪದವಿಗಳನ್ನು ಒಡೆದು ಹತ್ತಾರು ಜನರಿಗೆ ಹಂಚಿದರು. ಇಂಥವರಿಗೆ ಜನ ಇಟ್ಟ ಅಡ್ಡಹೆಸರು ‘ಮತಾಯಿ ಪಲೋತಾ’, ಅಂದ್ರೆ ಓಟಿನ ಮತಾಯಿ. ವಿಷಯ ಕೋರ್ಟಿಗೂ ಹೋಯಿತು. 1982ರಲ್ಲಿ ಸುಪ್ರೀಂ ಕೋರ್ಟ್ ಈ ನಿರ್ಬಂಧ ಸಂವಿಧಾನಬಾಹಿರ ಅಂದಿತು. ಮೇಲ್ಮನವಿಯಲ್ಲಿ ಆ ತೀರ್ಪು ಬಿದ್ದುಹೋಯಿತು. ಕೊನೆಗೆ 1990ರ ಜನಮತಗಣನೆಯಲ್ಲಿ, ಅದೂ ಸಣ್ಣ ಅಂತರದಲ್ಲಿ, 21 ವರ್ಷ ದಾಟಿದ ಎಲ್ಲರಿಗೂ ಮತದ ಹಕ್ಕು ಸಿಕ್ಕಿತು.

ಆದರೆ ಸ್ಪರ್ಧಿಸುವ ಹಕ್ಕು ಇವತ್ತಿಗೂ ಮತಾಯಿಗಳಿಗೆ ಮಾತ್ರ. ಕೆಲವು ಹಳ್ಳಿಗಳು ಹೆಂಗಸರಿಗೆ ಪದವಿಯನ್ನೇ ಕೊಡುವುದಿಲ್ಲ. ಅಲ್ಲಿನ ಹೆಣ್ಣುಮಗಳು ಎಷ್ಟೇ ಓದಲಿ, ಎಷ್ಟೇ ದುಡಿಯಲಿ, ಆ ಊರಿನ ಹೆಸರು ಹೊತ್ತು ಚುನಾವಣೆಗೆ ನಿಲ್ಲಲಾರಳು. ಇದರ ಪರಿಣಾಮ ಕಂಡೇ 2013ರಲ್ಲಿ ಸಂಸತ್ತಿನಲ್ಲಿ ಕನಿಷ್ಠ ಶೇ. 10ರಷ್ಟು ಮಹಿಳೆಯರಿರಬೇಕು ಅಂತ ಸಂವಿಧಾನ ತಿದ್ದುಪಡಿ ಮಾಡಬೇಕಾಯಿತು.

ಫಿಯಾಮೆಗೂ ಹೆಸರು ಸುಲಭವಾಗಿ ಸಿಗಲಿಲ್ಲ. 1975ರಲ್ಲಿ ತಂದೆ ತೀರಿಕೊಂಡಾಗ ಅವರಿಗೆ 18 ವರ್ಷ. ನ್ಯೂಜಿಲೆಂಡ್‌ನಲ್ಲಿ ಓದುತ್ತಿದ್ದ ಅವರು ತಂದೆಯ ಪದವಿಗಳ ವ್ಯಾಜ್ಯಕ್ಕಾಗಿ ಓದು ನಿಲ್ಲಿಸಿ ಮನೆಗೆ ಬರಬೇಕಾಯಿತು. ಫಿಯಾಮೆ ಪದವಿ ಸಿಕ್ಕ ಮೇಲೆ, 1985ರಲ್ಲಿ ಲೋತೊಫಾಂಗಾದಿಂದ ಗೆದ್ದು ಸಂಸತ್ತಿಗೆ ಹೋದರು.

ಟೆಂಟಿನ ಹಿಂದಿನ ಜಗಳ

ಈಗ 2021ಕ್ಕೆ ವಾಪಸ್ ಬರೋಣ. ಬೀಗ ಯಾಕೆ ಬಿತ್ತು?

1998ರಿಂದ ಪ್ರಧಾನಿಯಾಗಿದ್ದ ತುಯಿಲಾಯೆಪಾ ಅವರ ಸರ್ಕಾರ 2020ರಲ್ಲಿ ಮೂರು ಮಸೂದೆ ತಂದಿತು. ಯಾವ ಪದವಿ ಯಾರಿಗೆ ಅಂತ ತೀರ್ಮಾನಿಸುವ ಭೂಮಿ ಮತ್ತು ಪದವಿಗಳ ನ್ಯಾಯಾಲಯವನ್ನು ಸುಪ್ರೀಂ ಕೋರ್ಟಿನ ಮೇಲ್ವಿಚಾರಣೆಯಿಂದ ಪೂರ್ತಿ ಹೊರಗಿಡುವುದು ಅದರ ತಿರುಳು. ನಮ್ಮ ಸಂಪ್ರದಾಯದ ವಿಷಯ ನಮ್ಮ ಸಂಪ್ರದಾಯದ ಕೋರ್ಟಿಗೇ ಇರಲಿ ಎಂಬುದು ಸರ್ಕಾರದ ವಾದ. ಕೇಳಲು ಚೆನ್ನಾಗಿದೆ. ಆದರೆ ಆ ಕೋರ್ಟಿನಲ್ಲಿ ನಿಮ್ಮ ಮೂಲಭೂತ ಹಕ್ಕಿಗೆ ಧಕ್ಕೆಯಾದರೆ ಮುಂದೆ ಎಲ್ಲಿಗೆ ಹೋಗೋದು? ಉಪಪ್ರಧಾನಿಯಾಗಿದ್ದ ಫಿಯಾಮೆ ಇದನ್ನು ವಿರೋಧಿಸಿ ರಾಜೀನಾಮೆ ಕೊಟ್ಟರು. ಡಿಸೆಂಬರ್‌ನಲ್ಲಿ ಮಸೂದೆಗಳು ಪಾಸಾದವು.

2021ರ ಏಪ್ರಿಲ್ ಚುನಾವಣೆಯಲ್ಲಿ ಆಡಳಿತ ಪಕ್ಷ ಮತ್ತು ಫಿಯಾಮೆಯ ಫಾಸ್ಟ್ ಪಕ್ಷ ತಲಾ 25 ಸೀಟು ಗೆದ್ದವು. ಏಕೈಕ ಪಕ್ಷೇತರ ಸದಸ್ಯ ಫಾಸ್ಟ್ ಕಡೆ ವಾಲಿದರು. ಅಷ್ಟರಲ್ಲಿ ಮಹಿಳಾ ಕೋಟಾದ ಹೆಸರಲ್ಲಿ ಆಡಳಿತ ಪಕ್ಷಕ್ಕೆ ಇನ್ನೊಂದು ಸೀಟು ಸೇರಿಸಲಾಯಿತು. ಕೋರ್ಟ್ ಅದನ್ನು ರದ್ದು ಮಾಡಿತು. ಮರುಚುನಾವಣೆಯ ಘೋಷಣೆಯನ್ನೂ ರದ್ದು ಮಾಡಿತು. ಆಮೇಲೆ ಉಳಿದದ್ದು ಬೀಗ. ಜುಲೈನಲ್ಲಿ ಮೇಲ್ಮನವಿ ನ್ಯಾಯಾಲಯ ಟೆಂಟಿನ ಪ್ರಮಾಣವಚನವನ್ನೇ ಮಾನ್ಯ ಮಾಡಿದ ಮೇಲೆ ಫಿಯಾಮೆ ನಿಜವಾಗಿ ಅಧಿಕಾರ ಹಿಡಿದರು.

ಮುಂದಿನದು ಹೂವಿನ ದಾರಿಯೇನಲ್ಲ. 2025ರ ಆರಂಭದಲ್ಲಿ ಅವರದೇ ಪಕ್ಷ ಒಡೆಯಿತು. ಬಜೆಟ್‌ಗೆ ಸೋಲಾಗಿ ಸಂಸತ್ತು ವಿಸರ್ಜನೆಯಾಯಿತು. ಆಗಸ್ಟ್ ಚುನಾವಣೆಯಲ್ಲಿ ಫಿಯಾಮೆಯ ಹೊಸ ಪಕ್ಷ ಸೋತಿತು, ಫಾಸ್ಟ್ ಗೆದ್ದಿತು. ದೊಡ್ಡ ಹೆಸರಿದ್ದರೂ ಜನ ಓಟಿನಿಂದ ಇಳಿಸಬಲ್ಲರು ಅನ್ನೋದೂ ಸಾಬೀತಾಯಿತು.

ಗೋಡೆಯೂ ಹೌದು, ಗೇಟೂ ಹೌದು

ಹಾಗಾದರೆ ಈ ವ್ಯವಸ್ಥೆ ಹಳೆಯ ಊಳಿಗಮಾನ್ಯದ ಪಳೆಯುಳಿಕೆಯಾ? ಅಷ್ಟು ಸುಲಭವಾಗಿ ಹೇಳಲಾಗದು. ಸಮೋವಾದ ಸುಮಾರು ಶೇ. 80ರಷ್ಟು ಭೂಮಿ ಸಾಂಪ್ರದಾಯಿಕ ಒಡೆತನದಲ್ಲಿದೆ. ಅದು ಪದವಿಗಳಿಗೆ ಅಂಟಿಕೊಂಡಿದೆ, ವ್ಯಕ್ತಿಗಳಿಗಲ್ಲ. ಮತಾಯಿ ಅದನ್ನು ನೋಡಿಕೊಳ್ಳಬಹುದು, ಮಾರುವಂತಿಲ್ಲ, ಸಂವಿಧಾನವೇ ತಡೆಯುತ್ತದೆ. ವಸಾಹತುಶಾಹಿಯನ್ನೂ ಆಮೇಲಿನ ಮಾರುಕಟ್ಟೆಯನ್ನೂ ದಾಟಿ ಇಷ್ಟು ನೆಲ ಜನರ ಕೈಯಲ್ಲಿ ಉಳಿದಿದ್ದರೆ, ಅದಕ್ಕೆ ಈ ಹೆಸರುಗಳೇ ದೊಡ್ಡ ಕಾರಣ. ನಾವು ‘ಹೆಸರು ಉಳಿಸು’ ಅಂದಾಗ ಅದು ಮರ್ಯಾದೆಯ ಮಾತು. ಅಲ್ಲಿ ಹೆಸರು ಉಳಿಸಿದರೆ ಭೂಮಿ ಉಳಿಯುತ್ತದೆ.

ಆದರೆ ಹೊರಗಿನವರ ವಿರುದ್ಧ ಗೋಡೆಯಾದ ಅದೇ ಹೆಸರು, ಒಳಗಿನವರ ಮುಂದೆ ಗೇಟೂ ಆಗಿದೆ. ಪದವಿಯಿಲ್ಲದ ಯುವಕ, ಹೆಣ್ಣಿಗೆ ಪದವಿ ಕೊಡದ ಊರಿನ ಮಹಿಳೆ, ಇಬ್ಬರೂ ಮತ ಹಾಕಬಹುದು, ಮತ ಕೇಳುವಂತಿಲ್ಲ. ಭೂಮಿ ಕಾಯುವ ಹೊಣೆ ಮತ್ತು ಶಾಸನ ಮಾಡುವ ಹಕ್ಕು ಎರಡನ್ನೂ ಒಂದೇ ಹೆಸರಿಗೆ ಕಟ್ಟಿಹಾಕಬೇಕಿಲ್ಲ. ಮೊದಲನೆಯದನ್ನು ಬಿಟ್ಟುಕೊಡದೆಯೂ ಎರಡನೆಯದನ್ನು ಎಲ್ಲರಿಗೂ ತೆರೆಯಬಹುದು. ಅದನ್ನು ಮಾಡಬೇಕಾದವರು ಸಮೋವಾದವರೇ, ಹೊರಗಿನ ನ್ಯಾಯಾಧೀಶರಲ್ಲ. ಆ ಪ್ರಯೋಗದ ಫಲ 1899ರಲ್ಲೇ ಕಂಡಾಗಿದೆ.

ಯೊಸೆಫೊ ಕಾಲದಿಂದ ಟೆಂಟಿನ ದಿನದವರೆಗೆ ಜಗಳ ಒಂದೇ: ಹೆಸರು ಕೊಡುವವರು ಯಾರು, ಆ ತೀರ್ಮಾನವನ್ನು ಪ್ರಶ್ನಿಸಲು ಜಾಗ ಇದೆಯಾ? ಆಯಿಂಗಾದ ಜನ ಕೂತು ಜಗಳವಾಡಿ ಕೊಟ್ಟ ಹೆಸರಿಗೆ ತೂಕವಿದೆ. ಪ್ರಶ್ನಿಸುವ ಬಾಗಿಲನ್ನೇ ಮುಚ್ಚಿದರೆ, ಹೆಸರು ಹಳೆಯದೇ ಇರುತ್ತದೆ, ಅಧಿಕಾರ ಮಾತ್ರ ಬೀಗದ ಕೈ ಇಟ್ಟುಕೊಂಡವರ ಪಾಲಾಗುತ್ತದೆ.