ಕಾಫಿ ಕೊರೆಯೋ ದುಂಬಿಗೆ ಹಲ್ಲು ಕೊಟ್ಟಿದ್ದು ಬ್ಯಾಕ್ಟೀರಿಯಾ!

ನಮ್ಮ ಬಣಕಲ್ ಸುತ್ತಮುತ್ತ ರೊಬಸ್ಟಾ ಬೆಳೆಯೋರ ಮುಂದೆ ‘ಬೆರ್ರಿ ಬೋರರ್’ ಅಂದು ನೋಡಿ, ಮುಖ ಸಿಂಡರಿಸ್ತಾರೆ. ಎಳ್ಳು ಕಾಳಿಗಿಂತ ಚಿಕ್ಕದಾದ ಕಪ್ಪು ದುಂಬಿ ಅದು. ಹೆಣ್ಣು ದುಂಬಿ ಕಾಯಿಯ ತುದಿಯಲ್ಲಿ ತೂತು ಕೊರೆದು ಒಳಗೆ ಮೊಟ್ಟೆ ಇಡುತ್ತೆ, ಮರಿಗಳು ಬೀಜವನ್ನೇ ತಿಂದು ಬೆಳೆಯುತ್ತವೆ. ಆಫ್ರಿಕಾ ಮೂಲದ ಈ ಕೀಟ ಭಾರತದಲ್ಲಿ ಮೊದಲು ಕಂಡಿದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಆಮೇಲೆ ಕೊಡಗಿಗೂ ನಮ್ಮ ಜಿಲ್ಲೆಗೂ ಹಬ್ಬಿತು.

ಆದರೆ ಕಾಫಿ ಬೀಜ ತಿಂದು ಅರಗಿಸಿಕೊಳ್ಳೋದು ಸುಲಭವಲ್ಲ. ಬೀಜ ತನ್ನ ಆಹಾರವನ್ನು ಗ್ಯಾಲಕ್ಟೋಮನ್ನನ್ ಎಂಬ ಗಟ್ಟಿ ಸಕ್ಕರೆ ಸರಪಳಿಯಾಗಿ ಕೂಡಿಟ್ಟಿರುತ್ತೆ. ಅದನ್ನು ತುಂಡರಿಸಲು ಮ್ಯಾನನೇಸ್ ಅನ್ನೋ ಪ್ರೋಟೀನ್ ಬೇಕು. ಇದು ಪೀಪಾಯಿಯಂತೆ ಸುತ್ತಿಕೊಂಡ ಪ್ರೋಟೀನ್. ಅದರ ಬಾಯಲ್ಲಿರೋ ಎರಡು ಗ್ಲುಟಮೇಟ್‌ಗಳೇ ಸರಪಳಿಯನ್ನು ಕತ್ತರಿಸುವ ಹಲ್ಲುಗಳು.

ದುಂಬಿಗೆ ಈ ಹಲ್ಲು ಎಲ್ಲಿಂದ ಬಂತು? 2012ರಲ್ಲಿ ಕೊಲಂಬಿಯಾ ಮತ್ತು ಅಮೆರಿಕದ ವಿಜ್ಞಾನಿಗಳು ಉತ್ತರ ಕೊಟ್ಟರು: ಬ್ಯಾಕ್ಟೀರಿಯಾದಿಂದ. ಕಾಫಿ ಬೀಜದ ತಂಟೆಗೆ ಹೋಗದ, ಹತ್ತಿರದ ಸಂಬಂಧಿ ದುಂಬಿಯಲ್ಲಿ ಈ ಜೀನ್ ಪತ್ತೆಯಾಗಲಿಲ್ಲ. ಬೋರರ್‌ನಲ್ಲಿ ಮಾತ್ರ ಇತ್ತು, ಅದರ ಅಕ್ಕಪಕ್ಕ ಟ್ರಾನ್ಸ್‌ಪೋಸಾನ್‌ಗಳ ಗುರುತೂ ಇತ್ತು.

ಟ್ರಾನ್ಸ್‌ಪೋಸಾನ್ ಅಂದ್ರೆ ಜಾಗ ಬದಲಿಸುವ ಡಿಎನ್‌ಎ ತುಣುಕು. ಮೆಕ್ಕೆಜೋಳದಲ್ಲಿ ಇದನ್ನು ಕಂಡುಹಿಡಿದ ಬಾರ್ಬರಾ ಮೆಕ್ಲಿಂಟಾಕ್‌ಗೆ 1983ರಲ್ಲಿ ನೊಬೆಲ್ ಬಂತು. ಇಂಥ ಎಷ್ಟೋ ತುಣುಕುಗಳು ತಮ್ಮನ್ನು ಸಾಗಿಸೋ ಕೂಲಿಯಾಳನ್ನು ತಾವೇ ತಯಾರಿಸಿಕೊಳ್ಳುತ್ತವೆ. ಆ ಪ್ರೋಟೀನ್‌ನ ಹೆಸರು ಟ್ರಾನ್ಸ್‌ಪೋಸೇಸ್. ಅದರ ಒಂದು ಭಾಗ ತುಣುಕಿನ ಎರಡೂ ತುದಿಗಳನ್ನು ಗುರುತಿಸಿ ಹಿಡಿಯುತ್ತೆ. ಇನ್ನೊಂದು ಭಾಗದಲ್ಲಿ ಮೂರು ಆಮ್ಲೀಯ ಅಮೈನೋ ಆಮ್ಲಗಳು ಮೆಗ್ನೀಸಿಯಂ ಅಯಾನುಗಳನ್ನು ಹಿಡಿದಿರುತ್ತವೆ. ಅಲ್ಲೇ ಡಿಎನ್‌ಎ ಕತ್ತರಿಸಿ ಬೇರೆಡೆ ಅಂಟಿಸುವ ಕೆಲಸ. ಬ್ಯಾಕ್ಟೀರಿಯಾದ ಜೀನ್ ದುಂಬಿಯೊಳಗೆ ನೆಲೆಯೂರಿದ್ದರಲ್ಲಿ ಇವುಗಳ ಕೈವಾಡ ಇರಬಹುದು ಅನ್ನೋದು ಊಹೆ.

ಇದು ಬರೀ ಕೀಟದ ಕಥೆ ಅಂದುಕೊಳ್ಳಬೇಡಿ. 2010ರಲ್ಲಿ ಬಿಟಿ ಬದನೆಗೆ ಕೇಂದ್ರ ಸರ್ಕಾರ ತಡೆ ಹಾಕಿದಾಗಿನಿಂದ ನಮ್ಮಲ್ಲಿ ಕುಲಾಂತರಿ ಚರ್ಚೆ ಎರಡೇ ಘೋಷಣೆಗಳ ಸುತ್ತ ತಿರುಗುತ್ತಿದೆ. ‘ಬೇರೆ ಜೀವಿಯ ಜೀನ್ ಸೇರಿಸೋದೇ ಪ್ರಕೃತಿ ವಿರುದ್ಧ’ ಅಂತ ಒಂದು ಕಡೆ. ಈ ದುಂಬಿಯ ಮುಂದೆ ಆ ಮಾತು ನಿಲ್ಲಲ್ಲ. ‘ಪ್ರಕೃತಿಯೇ ಮಾಡುತ್ತೆ, ನಾವು ಮಾಡಿದರೇನು?’ ಅಂತ ಇನ್ನೊಂದು ಕಡೆ. ನನ್ನ ಪ್ರಕಾರ ಅದೂ ಟೊಳ್ಳು. ಪ್ರಕೃತಿ ದಾಟಿಸಿದ ಒಂದೇ ಒಂದು ಜೀನ್, ದುಂಬಿಗೆ ಕಾಫಿ ಬೀಜದ ಊಟ ದಕ್ಕಿಸಿಕೊಟ್ಟಿರುವ ಸಾಧ್ಯತೆ ಇದೆಯಲ್ಲ! ಸಹಜ ಅಂದ ಮಾತ್ರಕ್ಕೆ ನಿರುಪದ್ರವಿ ಆಗಲ್ಲ.

ಹಾಗಾಗಿ ಕೇಳಬೇಕಾದ್ದು ಜೀನ್ ಎಲ್ಲಿಂದ ಬಂತು ಅಂತಲ್ಲ. ಅದು ತಯಾರಿಸೋ ಪ್ರೋಟೀನ್ ಏನು ಮಾಡುತ್ತೆ? ಪರೀಕ್ಷೆ ಮಾಡಿದ್ದು ಯಾರು, ಫಲಿತಾಂಶ ಜನರ ಕೈಗೆ ಸಿಗುತ್ತಾ? ಬೀಜದ ಮೇಲೆ ಹಕ್ಕು ಯಾರದ್ದು? ನಷ್ಟ ಆದರೆ ಕಟ್ಟಿಕೊಡೋದು ಯಾರು?

ಕೊನೇ ಪ್ರಶ್ನೆಯ ಬೆಲೆ ನಮ್ಮೂರಿಗೆ ಗೊತ್ತು. ಕೊಯ್ಲಾದ ಮೇಲೆ ಗಿಡದಲ್ಲೂ ನೆಲದಲ್ಲೂ ಉಳಿದ ಕಾಯಿಯೇ ಬೋರರ್‌ಗೆ ಮುಂದಿನ ಫಸಲಿನವರೆಗೆ ಮನೆ, ಊಟ ಎರಡೂ. ಅದನ್ನು ಒಂದೊಂದಾಗಿ ಆರಿಸೋಕೆ ಆಳು ಬೇಕು, ಕೂಲಿ ಕೊಡಬೇಕು. ಒಂದೆರಡು ಎಕರೆಯವರಿಗೆ ಅದೇ ಹೊರೆ. ಪಕ್ಕದ ತೋಟದವರು ಆರಿಸದಿದ್ದರೆ ಆ ಖರ್ಚೂ ದಂಡ, ದುಂಬಿಗೆ ಬೇಲಿ ಲೆಕ್ಕಕ್ಕಿಲ್ಲ.