ರ‍್ಯಾಮ್ ಸಾಲದಾದಾಗ ಸವೆಯುವ ಎಸ್‌ಎಸ್‌ಡಿ

2020ರ ನವೆಂಬರಿನಲ್ಲಿ ಆಪಲ್ ಕಂಪನಿ ತನ್ನದೇ ಎಂ1 ಚಿಪ್ ಇರುವ ಮ್ಯಾಕ್‌ಬುಕ್‌ಗಳನ್ನು ಮಾರುಕಟ್ಟೆಗೆ ಬಿಟ್ಟಿತು. ಬರೀ 8 ಜಿಬಿ ರ‍್ಯಾಮ್‌ನಲ್ಲಿ ಇಷ್ಟೆಲ್ಲ ಕೆಲಸ ಇಷ್ಟು ಸರಾಗವಾಗಿ ಹೇಗೆ ನಡೆಯುತ್ತದೆ ಎಂದು ಕೊಂಡವರು ಬೆರಗಾದರು. ಉತ್ತರದ ಒಂದು ಭಾಗ ಮೂರೇ ತಿಂಗಳಲ್ಲಿ ಸಿಕ್ಕಿತು. ತನ್ನ ಮೇಲೆ ಇದುವರೆಗೆ ಎಷ್ಟು ದತ್ತಾಂಶ ಬರೆದಿದ್ದಾರೆ ಎಂಬ ಲೆಕ್ಕವನ್ನು ಬಹುತೇಕ ಪ್ರತಿಯೊಂದು ಎಸ್‌ಎಸ್‌ಡಿಯೂ ತನ್ನೊಳಗೆ ಇಟ್ಟುಕೊಂಡಿರುತ್ತದೆ. 2021ರ ಫೆಬ್ರುವರಿಯಲ್ಲಿ ಕೆಲವರು ಆ ಲೆಕ್ಕ ತೆಗೆದು ನೋಡಿದರೆ, ಮೊನ್ನೆ ಮೊನ್ನೆ ತಂದ ಯಂತ್ರದಲ್ಲಿ ಆಗಲೇ ಹತ್ತಾರು ಟೆರಾಬೈಟ್ ಬರೆದಾಗಿತ್ತು. ಅಷ್ಟು ಫೈಲುಗಳನ್ನು ಅವರ‍್ಯಾರೂ ಉಳಿಸಿರಲಿಲ್ಲ. ರ‍್ಯಾಮ್‌ನಲ್ಲಿ ಜಾಗ ಸಾಲದೆ ಆಪರೇಟಿಂಗ್ ಸಿಸ್ಟಂ ತಾನೇ ಹಗಲೆಲ್ಲ ಎಸ್‌ಎಸ್‌ಡಿಗೆ ಬರೆಯುತ್ತಿತ್ತು. ಅದೇ ವರ್ಷ ಮೇ ತಿಂಗಳಲ್ಲಿ ಬಂದ ಮ್ಯಾಕ್‌ಒಎಸ್ 11.4ರ ನಂತರ ದೂರುಗಳು ತಗ್ಗಿದವು. ಆದರೆ ಪ್ರಶ್ನೆ ಆಪಲ್‌ಗೆ ಮಾತ್ರ ಸೇರಿದ್ದಲ್ಲ. 4 ಅಥವಾ 8 ಜಿಬಿ ರ‍್ಯಾಮ್ ಇಟ್ಟುಕೊಂಡು ಬ್ರೌಸರಿನಲ್ಲಿ ಮೂವತ್ತು ಟ್ಯಾಬ್ ತೆರೆಯುವ ಯಾವ ಲ್ಯಾಪ್‌ಟಾಪಿನಲ್ಲೂ ಇದೇ ನಡೆಯುತ್ತಿರುತ್ತದೆ.

ರ‍್ಯಾಮ್ ಸಾಲದಾದಾಗ ಸದ್ಯಕ್ಕೆ ಬೇಡದ್ದನ್ನು ಡಿಸ್ಕಿಗೆ ಸರಿಸುವ ಈ ಉಪಾಯ ಹಳೆಯದು. 1962ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಟಾಮ್ ಕಿಲ್ಬರ್ನ್ ತಂಡದ ಅಟ್ಲಾಸ್ ಕಂಪ್ಯೂಟರ್ ಕೆಲಸ ಆರಂಭಿಸಿತು. ಅದರ ಮುಖ್ಯ ಸ್ಮೃತಿ ಬಹಳ ಚಿಕ್ಕದು, ತಿರುಗುವ ಕಾಂತೀಯ ಡ್ರಮ್ ಅದಕ್ಕಿಂತ ಹಲವು ಪಟ್ಟು ದೊಡ್ಡದು. ಸ್ಮೃತಿಯನ್ನು ಪುಟಗಳಾಗಿ ವಿಂಗಡಿಸಿ, ಸದ್ಯಕ್ಕೆ ಬೇಡದ ಪುಟವನ್ನು ಡ್ರಮ್ಮಿಗೆ ಕಳಿಸಿ, ಬೇಕಾದಾಗ ವಾಪಸು ತರಿಸಿಕೊಳ್ಳುವ ವ್ಯವಸ್ಥೆ ಮಾಡಿದರು. ಪ್ರೋಗ್ರಾಂ ಬರೆಯುವವನಿಗೆ ಎರಡೂ ಸೇರಿ ಒಂದೇ ದೊಡ್ಡ ಸ್ಮೃತಿಯಂತೆ ಕಾಣುತ್ತಿತ್ತು. ಇಂದು ಸ್ವಾಪ್ ಎಂದು ಕರೆಯುವ ವ್ಯವಸ್ಥೆ ಅದರ ನೇರ ವಂಶಸ್ಥ. ಡ್ರಮ್ ಹೋಗಿ ಹಾರ್ಡ್ ಡಿಸ್ಕ್ ಬಂತು, ಅದೂ ಹೋಗಿ ಎಸ್‌ಎಸ್‌ಡಿ ಬಂತು. ಹಾರ್ಡ್ ಡಿಸ್ಕ್ ಕಾಲದಲ್ಲಿ ಸ್ವಾಪ್ ಶುರುವಾದರೆ ಕಂಪ್ಯೂಟರ್ ತೆವಳುತ್ತಿತ್ತು, ಡಿಸ್ಕ್ ಕಿರುಗುಟ್ಟುತ್ತಿತ್ತು, ನಾವೇ ಬೇಸತ್ತು ಎರಡು ಪ್ರೋಗ್ರಾಂ ಮುಚ್ಚುತ್ತಿದ್ದೆವು. ಎಸ್‌ಎಸ್‌ಡಿ ಸದ್ದು ಮಾಡುವುದಿಲ್ಲ, ಹೆಚ್ಚು ತಡವನ್ನೂ ಮಾಡುವುದಿಲ್ಲ. ಹಾಗಾಗಿ ಬಳಸುವವರಿಗೆ ಸುಳಿವೇ ಸಿಗದೆ ಗಂಟೆಗಟ್ಟಲೆ ಸ್ವಾಪ್ ನಡೆಯಬಹುದು.

ಬರೆದರೆ ಎಸ್‌ಎಸ್‌ಡಿ ಸವೆಯುವುದೇಕೆ? ಅದರ ಒಂದು ಕೋಶವನ್ನು ಹತ್ತಿರದಿಂದ ನೋಡೋಣ. 1967ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಡಾವನ್ ಕಾಂಗ್ ಮತ್ತು ಸೈಮನ್ ಝೀ ಒಂದು ವಿಚಿತ್ರ ಟ್ರಾನ್ಸಿಸ್ಟರನ್ನು ವಿವರಿಸಿದರು. ಅದರೊಳಗೆ ಸುತ್ತಲೂ ನಿರೋಧಕದಿಂದ ಆವೃತವಾದ, ಯಾವ ತಂತಿಯೂ ತಾಗದ ಒಂದು ಪದರವಿತ್ತು. ಅದರೊಳಕ್ಕೆ ಎಲೆಕ್ಟ್ರಾನುಗಳನ್ನು ತುಂಬಿಬಿಟ್ಟರೆ ಹೊರಬರಲು ದಾರಿಯಿಲ್ಲ, ಕರೆಂಟ್ ಹೋದರೂ ಅಲ್ಲೇ ಉಳಿಯುತ್ತವೆ. ಜಪಾನಿನ ತೋಷಿಬಾದಲ್ಲಿದ್ದ ಫುಜಿಯೊ ಮಸುವೊಕ ಅದನ್ನೇ ಆಧರಿಸಿ 1984ರಲ್ಲಿ ಫ್ಲ್ಯಾಶ್ ಸ್ಮೃತಿಯನ್ನು ಜಗತ್ತಿಗೆ ತೋರಿಸಿದರು. 1987ರಲ್ಲಿ ಬಂದ ಅದರ ನ್ಯಾಂಡ್ ರೂಪವೇ ಇಂದಿನ ಎಸ್‌ಎಸ್‌ಡಿಗಳಲ್ಲಿರುವುದು.

ದಾರಿಯೇ ಇಲ್ಲದ ಕಡೆ ಎಲೆಕ್ಟ್ರಾನನ್ನು ಒಳಗೆ ಹಾಕುವುದಾದರೂ ಹೇಗೆ? ಸುಮಾರು 20 ವೋಲ್ಟ್ ಒತ್ತಡ ಕೊಟ್ಟರೆ, ಕೆಲವೇ ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಗೋಡೆಯನ್ನು ಎಲೆಕ್ಟ್ರಾನುಗಳು ಹಾದು ಹೋಗುತ್ತವೆ. ಇದು ಕ್ವಾಂಟಂ ಲೋಕದ ನಿಯಮ, ನಮ್ಮ ದೈನಂದಿನ ಅನುಭವಕ್ಕೆ ಸಿಗುವಂಥದ್ದಲ್ಲ. ಅಳಿಸುವಾಗ ಇದೇ ಕೆಲಸ ತಿರುಗುಮುರುಗು. ಹೀಗೆ ಹಾದುಹೋಗುವಾಗಲೆಲ್ಲ ಗೋಡೆಯಲ್ಲಿ ಸಣ್ಣ ಸಣ್ಣ ದೋಷಗಳು ಮೂಡುತ್ತವೆ, ಕೆಲವು ಎಲೆಕ್ಟ್ರಾನುಗಳು ಗೋಡೆಯೊಳಗೇ ಸಿಕ್ಕಿಕೊಳ್ಳುತ್ತವೆ. ಸಾವಿರಾರು ಬಾರಿ ಬರೆದು ಅಳಿಸಿದ ಮೇಲೆ, ಒಳಗಿರುವ ವಿದ್ಯುದಂಶ ಎಷ್ಟೆಂದು ಖಚಿತವಾಗಿ ಓದುವುದು ಕಷ್ಟವಾಗುತ್ತದೆ. ಒಂದು ಕೋಶದಲ್ಲಿ ಒಂದೇ ಬಿಟ್ ಇಡುತ್ತಿದ್ದ ಕಾಲದಲ್ಲಿ ಇದ್ದಿದ್ದು ಎರಡೇ ಮಟ್ಟ, ಗೊಂದಲ ಕಡಿಮೆ. ಲಕ್ಷ ಬಾರಿ ಬರೆದರೂ ಕೋಶ ತಡೆಯುತ್ತಿತ್ತು. ಈಗ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿರುವುದು ಕೋಶಕ್ಕೆ ಮೂರು ಬಿಟ್. ಅಂದರೆ ಎಂಟು ಮಟ್ಟಗಳನ್ನು ಗುರುತಿಸಬೇಕು. ಅಂಥ ಕೋಶದ ಆಯುಸ್ಸು ಸಾವಿರದಿಂದ ಮೂರು ಸಾವಿರ ಬಾರಿ. ನಾಲ್ಕು ಬಿಟ್ ತುಂಬುವ ಅಗ್ಗದ ಡ್ರೈವ್‌ಗಳಲ್ಲಿ ಇನ್ನೂ ಕಡಿಮೆ.

ಇದರ ಜತೆಗೆ ಇನ್ನೊಂದು ತೊಡಕಿದೆ. ಫ್ಲ್ಯಾಶ್‌ನಲ್ಲಿ ಬರೆಯುವುದು ಪುಟದ ಲೆಕ್ಕದಲ್ಲಿ, ಅಳಿಸುವುದು ನೂರಾರು ಪುಟಗಳ ಬ್ಲಾಕ್ ಲೆಕ್ಕದಲ್ಲಿ. ವಠಾರದ ಒಂದು ಮನೆ ಖಾಲಿಯಾದರೆ ಅದೊಂದಕ್ಕೇ ಸುಣ್ಣ ಹೊಡೆಸುವಂತಿಲ್ಲ, ಉಳಿದವರನ್ನೆಲ್ಲ ಬೇರೆ ವಠಾರಕ್ಕೆ ಸಾಗಿಸಿದ ಮೇಲೆಯೇ ಇಡೀ ವಠಾರಕ್ಕೆ ಹೊಡೆಸಬೇಕು ಎಂಬ ಕಟ್ಟಳೆ ಇದ್ದರೆ ಹೇಗಿರುತ್ತದೋ ಹಾಗೆ. ಸ್ವಾಪ್ 4 ಕೆಬಿ ಬರೆ ಎಂದರೆ ಡ್ರೈವ್ ಒಳಗೆ ನಿಜಕ್ಕೂ ಆಗುವ ಬರವಣಿಗೆ ಅದರ ಎರಡು ಮೂರು ಪಟ್ಟಾಗಬಹುದು. ಡ್ರೈವ್ ಭರ್ತಿಯಾದಷ್ಟೂ ಈ ಸಾಗಾಟ ಹೆಚ್ಚು. ಹಾಗಾಗಿ ರ‍್ಯಾಮ್ ಕಡಿಮೆ, ಡಿಸ್ಕೂ ತುಂಬಿದೆ ಎನ್ನುವ ಲ್ಯಾಪ್‌ಟಾಪಿಗೆ ಎರಡು ಕಡೆಯಿಂದ ಏಟು. ಜಾಗದಲ್ಲಿ ಐದರಲ್ಲೊಂದು ಪಾಲು ಖಾಲಿ ಇಟ್ಟರೆ ಡ್ರೈವಿಗೆ ಉಸಿರಾಡಲು ಆಸ್ಪದ ಸಿಗುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಸ್ಯಾಮ್‌ಸಂಗ್ 970 ಇವೊ ಎಂಬ ಜನಪ್ರಿಯ ಡ್ರೈವ್‌ನ 250 ಜಿಬಿ ಮಾದರಿಗೆ ಕಂಪನಿ ಕೊಟ್ಟ ಭರವಸೆ, ಐದು ವರ್ಷ ಅಥವಾ 150 ಟೆರಾಬೈಟ್ ಬರವಣಿಗೆ. ದಿನಕ್ಕೆ 20 ಜಿಬಿ ಬರೆದರೆ ಇಪ್ಪತ್ತು ವರ್ಷ ಬರುತ್ತದೆ, ಚಿಂತೆಯಿಲ್ಲ. ಆದರೆ ಸೆಕೆಂಡಿಗೆ 10 ಎಂಬಿಯಂತೆ ರ‍್ಯಾಮ್‌ನಿಂದ ಸ್ವಾಪಿಗೆ ಹೋಗುತ್ತಿದೆ ಎಂದುಕೊಳ್ಳಿ. ಎಸ್‌ಎಸ್‌ಡಿಯ ವೇಗದ ಮುಂದೆ 10 ಎಂಬಿ ಯಾವ ಲೆಕ್ಕಕ್ಕೂ ಇಲ್ಲ, ಪರದೆಯ ಮೇಲೆ ಒಂದಿಷ್ಟೂ ತಡ ಕಾಣುವುದಿಲ್ಲ. ದಿನಕ್ಕೆ ಆರು ಗಂಟೆ ಹೀಗೆ ನಡೆದರೆ 216 ಜಿಬಿ ಆಯಿತು. 150 ಟೆರಾಬೈಟ್ ಎರಡು ವರ್ಷ ತುಂಬುವ ಮೊದಲೇ ಮುಗಿಯುತ್ತದೆ.

ಮುಗಿದರೆ ಡ್ರೈವ್ ಸತ್ತಿತೆಂದಲ್ಲ. ಕಂಪನಿಗಳು ಭರವಸೆಯನ್ನು ಕೈ ಬಿಗಿ ಹಿಡಿದೇ ಕೊಡುತ್ತವೆ. 2013ರಿಂದ 2015ರವರೆಗೆ ದಿ ಟೆಕ್ ರಿಪೋರ್ಟ್ ಎಂಬ ಜಾಲತಾಣ 240–256 ಜಿಬಿಯ ಆರು ಡ್ರೈವ್‌ಗಳಿಗೆ ಅವು ಸಾಯುವ ತನಕ ಬಿಡದೆ ಬರೆಯಿಸಿತು. ಆರೂ 700 ಟೆರಾಬೈಟ್ ದಾಟಿದವು, ಕೊನೆಯದು 2400ರ ಗಡಿ ಮುಟ್ಟಿತು. ಆ ಆರರಲ್ಲಿ ಐದು, ಕೋಶಕ್ಕೆ ಎರಡು ಬಿಟ್‌ನ ಗಟ್ಟಿ ಜಾತಿಯವು ಎಂಬುದನ್ನು ಮರೆಯಬಾರದು. ಆ ಫಲಿತಾಂಶವನ್ನು ಇಂದಿನ ಅಗ್ಗದ ಡ್ರೈವ್‌ಗೆ ಹಾಗೆಯೇ ಹೊಂದಿಸಲಾಗದು.

ಸ್ವಾಪ್ ವಿಷಯದಲ್ಲಿ ಹೆಚ್ಚಿನವರು ದಾರಿ ತಪ್ಪುವುದು ಒಂದು ಕಡೆ: ಸ್ವಾಪ್ 3 ಜಿಬಿ ಬಳಕೆಯಲ್ಲಿದೆ ಎಂಬ ಅಂಕಿ ಕಂಡೊಡನೆ ಗಾಬರಿಯಾಗುತ್ತಾರೆ. ಅದು ಅಲ್ಲಿ ಇಟ್ಟಿರುವ ಪ್ರಮಾಣ, ಅಷ್ಟೇ. ಬೆಳಗ್ಗೆ ತೆರೆದು ಮರೆತುಬಿಟ್ಟ ಟ್ಯಾಬುಗಳ ಪುಟಗಳು ಒಮ್ಮೆ ಅಲ್ಲಿಗೆ ಹೋಗಿ ಸಂಜೆಯವರೆಗೂ ತೆಪ್ಪಗಿದ್ದರೆ ಸವೆತ ಅತ್ಯಲ್ಪ. ಪ್ರೋಗ್ರಾಂನ ಕೋಡ್ ಡಿಸ್ಕಿನಲ್ಲಿ ಮೊದಲೇ ಇರುವುದರಿಂದ ಅದನ್ನು ಬರೆಯಬೇಕಿಲ್ಲ, ರ‍್ಯಾಮ್‌ನಿಂದ ಬಿಸಾಕಿದರೆ ಸಾಕು. ಸ್ವಾಪಿನಿಂದ ಓದುವುದರಿಂದಲೂ ಹೇಳಿಕೊಳ್ಳುವಂಥ ಸವೆತ ಇಲ್ಲ. ಕೆಡುಕಿರುವುದು ಪುಟಗಳು ಹೊರಗೆ ಹೋಗಿ, ಒಳಗೆ ಬಂದು, ಬದಲಾಗಿ, ಮತ್ತೆ ಹೊರಗೆ ಹೋಗುವ ಹರಿವಿನಲ್ಲಿ. ಲಿನಕ್ಸ್‌ನಲ್ಲಿ ವಿಎಂಸ್ಟ್ಯಾಟ್ ಆಜ್ಞೆ ಕೊಟ್ಟು ಎಸ್‌ಒ ಎಂಬ ಕಂಬಸಾಲನ್ನು ನೋಡುತ್ತಾ ಕೂತರೆ ಆ ಹರಿವು ಕಣ್ಣಿಗೆ ಕಾಣುತ್ತದೆ. ಸೊನ್ನೆಗಳೇ ಬರುತ್ತಿದ್ದರೆ ನೆಮ್ಮದಿಯಾಗಿರಿ. ಗಂಟೆಗಟ್ಟಲೆ ಸಾವಿರಗಳಲ್ಲೇ ಇದ್ದರೆ ಯೋಚಿಸಬೇಕು.

ಒಟ್ಟು ಲೆಕ್ಕ ಬೇಕಿದ್ದರೆ ಲಿನಕ್ಸ್ ಮತ್ತು ಮ್ಯಾಕ್‌ಗೆ ಸ್ಮಾರ್ಟ್‌ಸಿಟಿಎಲ್, ವಿಂಡೋಸ್‌ಗೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಇವೆ, ಎರಡೂ ಉಚಿತ. ಸ್ಮಾರ್ಟ್‌ಸಿಟಿಎಲ್ ತೋರಿಸುವ ‘ಡೇಟಾ ಯೂನಿಟ್ಸ್ ರಿಟನ್’ ಸಂಖ್ಯೆಯಲ್ಲಿ ಒಂದು ಯೂನಿಟ್ ಎಂದರೆ 5,12,000 ಬೈಟ್. ಎರಡು ಕೋಟಿ ಯೂನಿಟ್ ಇದ್ದರೆ ಹತ್ತು ಟೆರಾಬೈಟ್ ಚಿಲ್ಲರೆ. ಪಕ್ಕದ ‘ಪರ್ಸೆಂಟೇಜ್ ಯೂಸ್ಡ್’ ಕಂಪನಿಯ ಅಂದಾಜಿನ ಪ್ರಕಾರ ಆಯುಸ್ಸು ಎಷ್ಟು ಕಳೆದಿದೆ ಎಂದು ಹೇಳುತ್ತದೆ. ಅದು ನೂರನ್ನು ದಾಟಿಯೂ ಏರಬಲ್ಲದು. ಇವತ್ತಿನ ಅಂಕಿ ಬರೆದಿಟ್ಟು ತಿಂಗಳು ಬಿಟ್ಟು ಮತ್ತೆ ನೋಡಿದರೆ ನಿಮ್ಮ ಯಂತ್ರದ ಸವೆತದ ವೇಗ ನಿಮಗೇ ತಿಳಿಯುತ್ತದೆ.

ಸ್ವಾಪನ್ನೇ ನಿಲ್ಲಿಸಿಬಿಡಿ ಎಂಬ ಸಲಹೆ ಅಲ್ಲಲ್ಲಿ ಕೇಳಿಬರುತ್ತದೆ. ನಾನು ಒಪ್ಪುವುದಿಲ್ಲ. ಸ್ವಾಪ್ ಇಲ್ಲದಿದ್ದರೆ ರ‍್ಯಾಮ್ ತುಂಬಿದಾಗ ಸಿಸ್ಟಂ ಯಾವುದಾದರೂ ಪ್ರೋಗ್ರಾಮನ್ನು ಕೊಂದೇ ಜಾಗ ಮಾಡಬೇಕು, ಅದರಲ್ಲಿ ನೀವು ಉಳಿಸದೆ ಬಿಟ್ಟ ಪ್ರಾಜೆಕ್ಟ್ ವರದಿಯೇ ಇರಬಹುದು. ಅದಕ್ಕಿಂತ ಒಳ್ಳೆಯ ದಾರಿ, ಪುಟಗಳನ್ನು ರ‍್ಯಾಮ್‌ನಲ್ಲೇ ಕುಗ್ಗಿಸಿಡುವುದು. ಮ್ಯಾಕ್‌ನಲ್ಲಿ 2013ರಿಂದ, ವಿಂಡೋಸ್‌ನಲ್ಲಿ 10ನೇ ಆವೃತ್ತಿಯಿಂದ ಇದು ತಾನಾಗಿಯೇ ನಡೆಯುತ್ತದೆ. ಲಿನಕ್ಸ್‌ನಲ್ಲಿ ಇದಕ್ಕೆ ಝಡ್‌ರ‍್ಯಾಮ್ ಎಂದು ಹೆಸರು. ಲಿನಕ್ಸ್‌ನ ಫೆಡೋರಾ ಆವೃತ್ತಿ 2020ರಿಂದ ಅದನ್ನೇ ರೂಢಿ ಮಾಡಿಕೊಂಡಿದೆ. ಆಂಡ್ರಾಯ್ಡ್ ಫೋನುಗಳೂ ಬಹುಪಾಲು ಇದನ್ನೇ ನೆಚ್ಚಿಕೊಂಡಿವೆ, ಫ್ಲ್ಯಾಶ್ ಸವೆಯಬಾರದೆಂಬುದು ಅದಕ್ಕೆ ಒಂದು ಮುಖ್ಯ ಕಾರಣ. ಫೋನಿನ ಡಬ್ಬದ ಮೇಲೆ ‘8 + 8 ಜಿಬಿ’ ಎಂದು ಬರೆದಿದ್ದರೆ ಎರಡನೆಯ ಎಂಟು ನಿಜವಾದ ರ‍್ಯಾಮ್ ಅಲ್ಲ, ಸಾಮಾನ್ಯವಾಗಿ ಫ್ಲ್ಯಾಶ್‌ನಿಂದ ಎರವಲು ಪಡೆದ ಸ್ವಾಪ್ ಎಂಬುದು ಕೊಳ್ಳುವವರಿಗೆ ಗೊತ್ತಿರಬೇಕು.

ಇಷ್ಟು ಹೇಳಿದ ಮೇಲೂ ನನ್ನ ಆತಂಕ ಸವೆತದ ಬಗ್ಗೆ ಅಲ್ಲ. ಸವೆಯುವ ಭಾಗ ಬದಲಿಸಲು ಬಂದರೆ ಅದು ದೊಡ್ಡ ಸಂಗತಿಯೇ ಅಲ್ಲ: ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಹೊಸ ಎಸ್‌ಎಸ್‌ಡಿ ತಂದು ನಾಲ್ಕು ಸ್ಕ್ರೂ ಬಿಚ್ಚಿ ಕೂರಿಸಬಹುದು, ಜತೆಗೆ ಒಂದು ರ‍್ಯಾಮ್ ಕಡ್ಡಿ ಹಾಕಿದರೆ ಸ್ವಾಪಿನ ತೊಂದರೆಯೇ ತೀರಿತು. ಆದರೆ ಎಂ1 ಮ್ಯಾಕ್‌ಬುಕ್‌ಗಳಲ್ಲಿ ಎರಡನ್ನೂ ಬೆಸುಗೆ ಹಾಕಿಬಿಟ್ಟಿದ್ದಾರೆ. ತೆಳುವಾದ ಅನೇಕ ವಿಂಡೋಸ್ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮ್ ಹಾಗೆಯೇ ಬೆಸೆದಿರುತ್ತದೆ. ಅಂಥದ್ದರಲ್ಲಿ 8 ಜಿಬಿ ಕೊಂಡವರು ಯಂತ್ರದ ಕೊನೆಯವರೆಗೂ 8 ಜಿಬಿಯಲ್ಲೇ ಇರಬೇಕು, ಪ್ರತಿ ವರ್ಷ ಹಿಗ್ಗುವ ಬ್ರೌಸರಿನ ಹಸಿವನ್ನು ಎಸ್‌ಎಸ್‌ಡಿಯೇ ತಣಿಸಬೇಕು. 2024ರ ಅಕ್ಟೋಬರಿನಲ್ಲಿ ಆಪಲ್ ಮ್ಯಾಕ್‌ಬುಕ್ ಏರ್‌ನ ಕನಿಷ್ಠ ರ‍್ಯಾಮನ್ನು 16 ಜಿಬಿಗೆ ಏರಿಸಿತು. ಅದು ನಾಲ್ಕು ವರ್ಷ ಮೊದಲೇ ಆಗಬೇಕಿತ್ತು. ಎಂಜಿನಿಯರಿಂಗ್ ಸೇರುವ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಡಿಸುವ ತಂದೆತಾಯಿಗೆ ನನ್ನ ಮಾತು ಇಷ್ಟೇ: ರ‍್ಯಾಮ್ ಬೆಸೆದಿದೆಯೋ, ತೆಗೆದು ಹಾಕಲು ಬರುತ್ತದೋ ಎಂದು ಅಂಗಡಿಯಲ್ಲೇ ಕೇಳಿ. ಬೆಸೆದಿದ್ದರೆ ಪ್ರೊಸೆಸರಿನಲ್ಲಿ ಒಂದು ಮೆಟ್ಟಿಲು ಇಳಿದರೂ ಸರಿ, 16 ಜಿಬಿಗಿಂತ ಕಡಿಮೆ ಬೇಡ.

ಚೆನ್ನಾಗಿ ದುಡಿದ ಹಳೆಯ ಲ್ಯಾಪ್‌ಟಾಪನ್ನು ಬೀರುವಿನಲ್ಲಿ ಎತ್ತಿಡುವವರಿಗೆ ಒಂದು ಎಚ್ಚರಿಕೆ. ಸವೆದ ಗೋಡೆಯ ಕೋಶಗಳಿಂದ ಎಲೆಕ್ಟ್ರಾನುಗಳು ನಿಧಾನವಾಗಿ ಸೋರುತ್ತವೆ. ಆಯುಸ್ಸು ಪೂರ್ತಿ ಕಳೆದ ಮನೆಬಳಕೆಯ ಎಸ್‌ಎಸ್‌ಡಿ 30 ಡಿಗ್ರಿ ಸೆಲ್ಷಿಯಸ್‌ನಲ್ಲಿ, ಕರೆಂಟ್ ಇಲ್ಲದೆ, ಒಂದು ವರ್ಷ ದತ್ತಾಂಶ ಕಾಪಾಡಬೇಕೆಂಬುದು ಜೆಡೆಕ್ ಸಂಸ್ಥೆಯ ಮಾನದಂಡ. ಬಿಸಿ ಹೆಚ್ಚಿದಷ್ಟೂ ಸೋರಿಕೆ ಬೇಗ. ಕಲಬುರಗಿ, ರಾಯಚೂರಿನ ಬೇಸಗೆಯಲ್ಲಿ ಕೋಣೆಯ ಶಾಖ 30 ಡಿಗ್ರಿಯನ್ನು ಎಷ್ಟೋ ಮೀರುತ್ತದೆ. ಮದುವೆಯ ಫೋಟೊ, ಜಮೀನಿನ ಕಾಗದ ಪತ್ರದ ಪ್ರತಿಗಳು ಅದರಲ್ಲಿದ್ದರೆ, ಎತ್ತಿಡುವ ಮೊದಲು ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳಿ.